ಒಂದು ಹನಿಗೆ ಏಳು ಮಿಲಿಮೀಟರ್

ಜೀವಶಾಸ್ತ್ರ ಕಲಿಸತೊಡಗಿ ಹತ್ತೊಂಬತ್ತು ವರ್ಷವಾಯಿತು. ಅಷ್ಟೂ ವರ್ಷ ಎಟಿಪಿಯ, ಅಂದರೆ ಜೀವಕೋಶಗಳು ಕೆಲಸಕ್ಕೆ ಬೇಕಾದ ಶಕ್ತಿಗೆ ಬಳಸುವ ಅಣುವಿನ, ಪಾಠವನ್ನು ಕಪ್ಪುಹಲಗೆಯ ಮೇಲೆಯೇ ಮುಗಿಸಿದ್ದೇನೆ. ಒಂದು ಅಡಿನೋಸಿನ್, ಅದರ ಬಾಲಕ್ಕೆ ಮೂರು ಫಾಸ್ಫೇಟ್, ಕೊನೆಯದು ಕಳಚಿಕೊಂಡರೆ ಶಕ್ತಿ. ಮಕ್ಕಳು ಬರೆದುಕೊಳ್ಳುತ್ತಾರೆ, ಪರೀಕ್ಷೆಯಲ್ಲಿ ತಪ್ಪಿಲ್ಲದೆ ಒಪ್ಪಿಸುತ್ತಾರೆ. ಆದರೆ ಪ್ರತಿವರ್ಷ ಯಾರಾದರೂ ಒಬ್ಬರು ಕೇಳಿಯೇ ಕೇಳುತ್ತಾರೆ: “ಮೇಡಂ, ಸ್ನಾಯುವಿಗೆ ನೇರವಾಗಿ ಸಕ್ಕರೆಯನ್ನೇ ಕೊಟ್ಟರೆ ಆಗುವುದಿಲ್ಲವೇ?” ಈ ಪ್ರಶ್ನೆಗೆ ನನ್ನ ಬಳಿ ಹೇಳುವ ಉತ್ತರವಿತ್ತು, ತೋರಿಸುವ ಉತ್ತರ ಇರಲಿಲ್ಲ. ಈ ವರ್ಷ ತರಿಸಿದ ಸ್ನಾಯು ಸಂಕೋಚನದ ಪ್ರಯೋಗ ಪೆಟ್ಟಿಗೆಯಿಂದ ಅದು ಸಿಕ್ಕಿತು. ಕೊಳ್ಳಬೇಕೆಂದಿರುವ ಬೇರೆ ಶಿಕ್ಷಕರಿಗೆ ನೆರವಾಗಲಿ ಎಂದು ಅನುಭವವನ್ನು ಬರೆಯುತ್ತಿದ್ದೇನೆ.

ಪೆಟ್ಟಿಗೆಯಲ್ಲಿ ಇರುವುದು ಹೆಚ್ಚೇನಲ್ಲ. ಕಡ್ಡಿಗೆ ಕಟ್ಟಿ ಗ್ಲಿಸರಾಲ್‌ನಲ್ಲಿ ಮುಳುಗಿಸಿಟ್ಟ ಮೊಲದ ಸ್ನಾಯುವಿನ ಒಂದು ತುಂಡು, ಮೂರು ಪುಟ್ಟ ಸೀಸೆಗಳು, ಒಂದು ಕೈಪಿಡಿ. ಒಂದು ಸೀಸೆಯಲ್ಲಿ ಬರೀ ಎಟಿಪಿ, ಇನ್ನೊಂದರಲ್ಲಿ ಎಟಿಪಿಯ ಜೊತೆಗೆ ಪೊಟ್ಯಾಸಿಯಂ ಮತ್ತು ಮೆಗ್ನೀಸಿಯಂ ಲವಣ, ಮೂರನೆಯದರಲ್ಲಿ ಲವಣ ಮಾತ್ರ.

ಈ ಗ್ಲಿಸರಾಲ್‌ನ ಉಪಾಯವೇ ಪ್ರಯೋಗದ ಜೀವಾಳ. 1940ರ ದಶಕದ ಕೊನೆಯಲ್ಲಿ ಜೀವರಸಾಯನ ವಿಜ್ಞಾನಿ ಆಲ್ಬರ್ಟ್ ಸೆಂಟ್-ಗ್ಯೋರ್ಗಿ ಇದನ್ನು ರೂಢಿಗೆ ತಂದರು. ಗ್ಲಿಸರಾಲ್‌ನಲ್ಲಿ ನೆನೆದ ಸ್ನಾಯುವಿನ ಕೋಶಪೊರೆಗಳು ಹಾಳಾಗುತ್ತವೆ. ಒಳಗಿದ್ದ ಎಟಿಪಿ ಸೋರಿಹೋಗುತ್ತದೆ, ಸಕ್ಕರೆಯನ್ನು ಒಡೆಯುವ ಕಿಣ್ವಗಳೂ ಬಹುಮಟ್ಟಿಗೆ ಸೋರಿಹೋಗುತ್ತವೆ. ಸ್ನಾಯುವನ್ನು ಕುಗ್ಗಿಸುವ ಪ್ರೋಟೀನ್‌ಗಳಾದ ಆಕ್ಟಿನ್ ಮತ್ತು ಮಯೋಸಿನ್ ಎಳೆಗಳ ಹಂದರ ಮಾತ್ರ ಇದ್ದಂತೆಯೇ ಉಳಿಯುತ್ತದೆ. ಅಂದರೆ ಯಂತ್ರವಿದೆ, ಇಂಧನವಿಲ್ಲ, ಇಂಧನ ತಯಾರಿಸುವ ಅಡುಗೆಮನೆಯೂ ಇಲ್ಲ. ಹೊರಗಿನಿಂದ ನಾವು ಏನು ಹಾಕುತ್ತೇವೋ ಅದಕ್ಕಷ್ಟೇ ಅದು ಓಗೊಡಬಲ್ಲದು.

ಮೊದಲ ದಿನ ಎರಡು ಸೂಜಿ ಹಿಡಿದು ತುಂಡಿನಿಂದ ಒಂದು ಎಳೆಯನ್ನು ಬಿಡಿಸಲು ಮುಕ್ಕಾಲು ಗಂಟೆ ಹಿಡಿಯಿತು. ಕೈಪಿಡಿ “ತೆಳುವಾಗಿ ಬಿಡಿಸಿಕೊಳ್ಳಿ” ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತದೆ. ಎಷ್ಟು ತೆಳು ಎಂದರೆ ಕೂದಲಿಗಿಂತ ತುಸು ದಪ್ಪ, ಅಷ್ಟೇ. ದಪ್ಪ ಕಟ್ಟನ್ನು ಇಟ್ಟರೆ ಎಟಿಪಿ ಒಳಗಿನವರೆಗೂ ಇಳಿಯುವುದಿಲ್ಲ; ಹೊರಮೈ ಮಾತ್ರ ಸೆಳೆದುಕೊಂಡು ಎಳೆ ಹುರಿಯಂತೆ ತಿರುಚಿಕೊಳ್ಳುತ್ತದೆ. ನನ್ನ ಮೊದಲ ಮೂರು ಎಳೆಗಳು ಹೀಗೆಯೇ ಹಾಳಾದವು.

ನಾಲ್ಕನೆಯದು ಸರಿಬಂತು. ಸ್ಲೈಡ್ ಮೇಲೆ ನೇರವಾಗಿ ಮಲಗಿಸಿ, ಕೆಳಗೆ ಅಳತೆಪಟ್ಟಿ ಇಟ್ಟೆವು. ಇಪ್ಪತ್ತು ಮಿಲಿಮೀಟರ್. ಮೊದಲು ಲವಣದ ಹನಿ: ಏನೂ ಆಗಲಿಲ್ಲ. ಆಮೇಲೆ ಪೆಟ್ಟಿಗೆಯಲ್ಲಿಲ್ಲದ ಒಂದನ್ನು ನಾನೇ ಸೇರಿಸಿದೆ, ನಮ್ಮ ಕಪಾಟಿನಲ್ಲಿದ್ದ ಗ್ಲೂಕೋಸ್ ದ್ರಾವಣ. ಈ ಬಾರಿ ಸಕ್ಕರೆಯ ಪ್ರಶ್ನೆ ಕೇಳಿದ್ದ ಹುಡುಗಿಯ ಕೈಯಿಂದಲೇ ಅದನ್ನು ಹಾಕಿಸಿದೆ. ಗಡಿಯಾರ ನೋಡುತ್ತ ಮೂರು ನಿಮಿಷ ಕಾದೆವು. ಎಳೆ ಮಿಸುಕಲಿಲ್ಲ. ಕೊನೆಗೆ ಎಟಿಪಿ ಮತ್ತು ಲವಣ ಕೂಡಿದ ಹನಿ ಬಿತ್ತು. ಒಂದೆರಡು ಕ್ಷಣ ಸುಮ್ಮನಿದ್ದ ಎಳೆಯ ಬಲತುದಿ ಮೆಲ್ಲಗೆ ಒಳಕ್ಕೆ ಜಾರತೊಡಗಿತು, ಎಡತುದಿಯೂ ಹಿಂಬಾಲಿಸಿತು. ನಡುವೆ ಇದ್ದ ಸಣ್ಣ ಬಾಗು ನೇರವಾಯಿತು, ಎಳೆ ಮೈತುಂಬಿಕೊಂಡಂತೆ ದಪ್ಪಗಾಯಿತು. ಅರ್ಧ ನಿಮಿಷದಲ್ಲಿ ಹದಿಮೂರು ಮಿಲಿಮೀಟರ್. ಯಾವತ್ತೋ ಸತ್ತುಹೋದ ಪ್ರಾಣಿಯ ಸ್ನಾಯು ನಮ್ಮ ಕಣ್ಣೆದುರೇ ಏಳು ಮಿಲಿಮೀಟರ್ ಕುಗ್ಗಿತ್ತು. ಆ ಹುಡುಗಿ ಸ್ಲೈಡಿನಿಂದ ಕಣ್ಣು ಕೀಳದೆ, “ಹಾಗಾದರೆ ಸಕ್ಕರೆ ಯಾವುದಕ್ಕೆ?” ಎಂದಳು. ಕೋಶದಲ್ಲಿ ಎಟಿಪಿ ತಯಾರಿಸುವ ಮೈಟೋಕಾಂಡ್ರಿಯದ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಪ್ರವೇಶ ನನಗೆ ಈವರೆಗೆ ಸಿಕ್ಕಿರಲಿಲ್ಲ. ಸಕ್ಕರೆಯಲ್ಲಿರುವ ಶಕ್ತಿಯನ್ನು ಕೋಶ ಹಂತಹಂತವಾಗಿ ಬಿಡಿಸಿಕೊಂಡು, ಒಂದು ಫಾಸ್ಫೇಟ್ ಕಳಚಿಹೋದ ಎಟಿಪಿಗೆ, ಅಂದರೆ ಎಡಿಪಿಗೆ, ಮತ್ತೆ ಫಾಸ್ಫೇಟ್ ಜೋಡಿಸುತ್ತದೆ; ಒಂದು ಗ್ಲೂಕೋಸ್‌ಗೆ ಸುಮಾರು 30 ಎಟಿಪಿ. ಮಯೋಸಿನ್‌ಗೆ ಗೊತ್ತಿರುವುದು ಆ ಎಟಿಪಿ ಮಾತ್ರ.

ಬರೀ ಎಟಿಪಿಯ ಸೀಸೆಯಿಂದ ನಮಗೆ ಸಿಕ್ಕಿದ್ದು ಎರಡೇ ಮಿಲಿಮೀಟರ್. ಮಯೋಸಿನ್ ಬಳಸಿಕೊಳ್ಳುವುದು ಮೆಗ್ನೀಸಿಯಂ ಜೊತೆಗೂಡಿದ ಎಟಿಪಿಯನ್ನು, ಅದಕ್ಕೇ ಈ ವ್ಯತ್ಯಾಸ. ಪಠ್ಯಪುಸ್ತಕಗಳು ಮೆಗ್ನೀಸಿಯಂ ವಿಷಯವನ್ನು ಅಡಿಟಿಪ್ಪಣಿಗೆ ತಳ್ಳಿಬಿಡುತ್ತವೆ. ಇಲ್ಲಿ ಅದು ಅಳತೆಪಟ್ಟಿಯ ಮೇಲೆಯೇ ಕಾಣುತ್ತದೆ.

ಇನ್ನೊಂದು ಸಂಗತಿ ಕೈಪಿಡಿಯಲ್ಲಿಲ್ಲ, ನೀವೇ ತೋರಿಸಬೇಕು. ಕುಗ್ಗಿದ ಎಳೆ ಮತ್ತೆ ಉದ್ದವಾಗುವುದಿಲ್ಲ. ಹನಿಯಲ್ಲಿದ್ದ ಎಟಿಪಿ ತೀರಿದ ಮೇಲೆ ಚಿಮಟದಿಂದ ಮುಟ್ಟಿದರೆ ಸೆಟೆದುಕೊಂಡಿರುತ್ತದೆ. ಆಕ್ಟಿನ್‌ಗೆ ಅಂಟಿದ ಮಯೋಸಿನ್ ಹಿಡಿತ ಬಿಡಬೇಕಾದರೂ ಹೊಸ ಎಟಿಪಿ ಬಂದು ಕೂರಬೇಕು. ಸತ್ತ ಕೆಲವು ಗಂಟೆಗಳಲ್ಲಿ ದೇಹ ಮರಗಟ್ಟುವುದೂ ಇದೇ ಕಾರಣಕ್ಕೆ. ಇದನ್ನು ಹೇಳಿದಾಗ ತರಗತಿ ತುಂಬ ಹೊತ್ತು ಮೌನವಾಗಿತ್ತು.

ಕೊರತೆಗಳೂ ಇವೆ. ನನಗೆ ನಿಜಕ್ಕೂ ಸಿಟ್ಟು ಬಂದದ್ದು ಕೈಪಿಡಿಯ ಎರಡನೆಯ ಪುಟ ಓದಿದಾಗ. “ಅಧಿಕ ಶಕ್ತಿಯ ಬಂಧ ಒಡೆದಾಗ ಅದರೊಳಗಿನ ಶಕ್ತಿ ಹೊರಚಿಮ್ಮುತ್ತದೆ” ಎಂದು ಅಲ್ಲಿ ಅಚ್ಚಾಗಿದೆ. ಬಂಧ ಯಾವುದೇ ಇರಲಿ, ಒಡೆಯಲು ಶಕ್ತಿ ಖರ್ಚಾಗುತ್ತದೆ, ಬರುವುದಿಲ್ಲ. ಜೀವರಸಾಯನ ವಿಜ್ಞಾನಿ ಫ್ರಿಟ್ಜ್ ಲಿಪ್‌ಮನ್ 1941ರಲ್ಲಿ ಫಾಸ್ಫೇಟಿನ ಆ ಬಂಧಕ್ಕೆ ಅಲೆಗೆರೆಯ (~) ಗುರುತು ಕೊಟ್ಟಾಗ ಅವರ ಮನಸ್ಸಿನಲ್ಲಿದ್ದದ್ದು ಇಡೀ ಕ್ರಿಯೆಯ ಲೆಕ್ಕ. ನೀರಿನೊಂದಿಗೆ ವರ್ತಿಸಿ ಹುಟ್ಟುವ ಎಡಿಪಿ ಮತ್ತು ಫಾಸ್ಫೇಟ್ ಎರಡೂ ಎಟಿಪಿಗಿಂತ ನೆಮ್ಮದಿಯ ಸ್ಥಿತಿಯಲ್ಲಿರುತ್ತವೆ. ಒತ್ತಾಗಿ ಕೂತಿದ್ದ ಋಣ ವಿದ್ಯುದಂಶಗಳು ದೂರವಾಗುತ್ತವೆ. ಪ್ರಮಾಣಿತ ಸ್ಥಿತಿಯಲ್ಲಿ ಒಂದು ಮೋಲ್‌ಗೆ ಸುಮಾರು 30.5 ಕಿಲೋಜೂಲ್ ದೊರೆಯುತ್ತದೆ. ಕೋಶದೊಳಗೆ ಎಟಿಪಿ ಹೆಚ್ಚು, ಎಡಿಪಿ ಕಡಿಮೆ ಇರುವುದರಿಂದ ಅದು 50ರ ಆಸುಪಾಸಿಗೆ ಏರುತ್ತದೆ. ಪ್ರಯೋಗ ಇಷ್ಟು ಚೆನ್ನಾಗಿದ್ದು ವಿವರಣೆ ತಪ್ಪಾಗಿದ್ದರೆ ಮಕ್ಕಳಿಗೆ ಅನ್ಯಾಯವಾಗುತ್ತದೆ. ಆ ಪುಟದ ಮೇಲೆ ನನ್ನದೇ ಕೈಬರಹದ ಹಾಳೆ ಅಂಟಿಸಿದ್ದೇನೆ, ತಯಾರಕರಿಗೂ ಬರೆದಿದ್ದೇನೆ.

1929ರಲ್ಲಿ ಎಟಿಪಿಯನ್ನು ಸ್ನಾಯುವಿನಿಂದಲೇ ಬೇರ್ಪಡಿಸಿದ ಕಾರ್ಲ್ ಲೋಹ್‌ಮನ್ ಹೆಸರು ಕೈಪಿಡಿಯಲ್ಲಿದೆ. ಅದೇ ವರ್ಷ ಅದನ್ನು ಕಂಡುಹಿಡಿದ ಸೈರಸ್ ಫಿಸ್ಕ್ ಮತ್ತು ಯೆಲ್ಲಾಪ್ರಗಡ ಸುಬ್ಬರಾವ್ ಹೆಸರಿಲ್ಲ. ಅದೂ ಆ ಹಾಳೆಗೆ ಸೇರಿತು.

ಬಳಸುವವರಿಗೆ ಒಂದು ಎಚ್ಚರಿಕೆ. ಎಟಿಪಿ ಸೀಸೆಯನ್ನು ಮಂಜುಗಡ್ಡೆಯ ಮೇಲೆಯೇ ಇಡಿ. ಎರಡನೆಯ ತಂಡದ ದಿನ ನಾನು ಅದನ್ನು ಮೇಜಿನ ಮೇಲೆ ಮರೆತೆ, ಮಧ್ಯಾಹ್ನದ ಹೊತ್ತಿಗೆ ಎಳೆ ಮೂರು ಮಿಲಿಮೀಟರ್ ಕೂಡ ಕುಗ್ಗಲಿಲ್ಲ. ಸ್ನಾಯುವಿನ ತುಂಡನ್ನಾದರೋ ಗ್ಲಿಸರಾಲ್ ಸಮೇತ ಫ್ರೀಜರ್‌ನಲ್ಲಿಟ್ಟರೆ ತಿಂಗಳುಗಟ್ಟಲೆ ಇರುತ್ತದೆ. ನಮ್ಮದರಲ್ಲಿ ಇನ್ನೂ ಅರ್ಧ ಉಳಿದಿದೆ. ಮುಂದಿನ ತಂಡಕ್ಕೆ ಎಟಿಪಿ ಸೀಸೆಗಳನ್ನಷ್ಟೇ ಬೇರೆಯಾಗಿ ತರಿಸುತ್ತಿದ್ದೇನೆ.