ಅರ್ಕಾ ರಕ್ಷಕ್ ಟೊಮೆಟೊ: ಸಿಂಧನೂರಿನ ಹಿತ್ತಲಲ್ಲಿ ಕೆಲವು ವರ್ಷ ಬೆಳೆದ ಮೇಲೆ

ನಮ್ಮ ಕಡೆ ಯಾರಾದರೂ "ಬಿಸಿಲಿಗೆ ತಡೆಯೋ ಟಮಾಟಿ ಯಾವುದು?" ಅಂತ ಕೇಳಿದರೆ ಹತ್ತರಲ್ಲಿ ಎಂಟು ಜನ ಅರ್ಕಾ ರಕ್ಷಕ್ ಅಂತಾರೆ. ನಾನು ಇದನ್ನು ಕೆಲವು ವರ್ಷದಿಂದ ಹಿತ್ತಲಲ್ಲಿ ಹಾಕುತ್ತಿದ್ದೇನೆ, ಮುಂದೆಯೂ ಹಾಕುತ್ತೇನೆ. ಆದರೆ ಆ ಉತ್ತರ ಅರ್ಧ ಮಾತ್ರ ಸರಿ. ಇದು ರೋಗಕ್ಕೆ ತಡೆಯುವ ಟೊಮೆಟೊ. ಬಿಸಿಲಿಗೆ ತಡೆಯುವುದು ಬೇರೆ ಗುಣ. ಈ ಎರಡನ್ನೂ ಕಲಸಿ ಹೇಳುವುದರಿಂದಲೇ ಏಪ್ರಿಲ್ ಬಂದರೆ ಎಷ್ಟೋ ಮನೆಗಳಲ್ಲಿ ಎದೆಮಟ್ಟದ ಹಸಿರು ಗಿಡ ಇರುತ್ತದೆ, ಒಂದು ಕಾಯಿ ಇರುವುದಿಲ್ಲ. ಈ ವಿಮರ್ಶೆ ಬರೆಯಲು ಕೂತಿದ್ದೇ ಅದಕ್ಕೆ.

ನಮ್ಮ ಮನೆ ಊರಿನ ಅಂಚಿನಲ್ಲಿದೆ. ಹಿತ್ತಲ ಗೋಡೆ ದಾಟಿದರೆ ಭತ್ತದ ಗದ್ದೆ. ರಾಯಚೂರು, ಕೊಪ್ಪಳ, ಬಳ್ಳಾರಿ ಕಡೆ ಅಂದರೆ ಬರೀ ಒಣ ಬಿಸಿಲು ಅಂದುಕೊಂಡವರು ಮಳೆಗಾಲದಲ್ಲಿ ಸಿಂಧನೂರು, ಗಂಗಾವತಿ, ಸಿರುಗುಪ್ಪ ಕಡೆ ಒಮ್ಮೆ ಬಂದು ನೋಡಬೇಕು. ತುಂಗಭದ್ರಾ ಕಾಲುವೆಗೆ ನೀರು ಬಿಟ್ಟು ಗದ್ದೆಗಳೆಲ್ಲ ತುಂಬಿದ ಮೇಲೆ ಗಾಳಿ ಆಡುವುದಿಲ್ಲ, ಹಗ್ಗಕ್ಕೆ ಹಾಕಿದ ಬಟ್ಟೆ ಸಂಜೆಗೂ ತಣ್ಣಗೇ ಇರುತ್ತದೆ. ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಟೊಮೆಟೊ ಎಲೆಗೆ ಬರುವ ಎಲ್ಲಾ ಕಾಯಿಲೆಗೂ ಇದಕ್ಕಿಂತ ಒಳ್ಳೆ ಜಾಗ ಬೇಕಿಲ್ಲ.

ತಳಿಯ ವಿವರ ಎಲ್ಲಾ ಕಡೆ ಸಿಗುತ್ತದೆ, ಚುಟುಕಾಗಿ ಹೇಳಿಬಿಡುತ್ತೇನೆ. ಬೆಂಗಳೂರು ಹತ್ತಿರ ಹೆಸರಘಟ್ಟದಲ್ಲಿರುವ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಹೈಬ್ರಿಡ್ ಇದು. ಎಲೆ ಮುಟುರು ರೋಗ, ದುಂಡಾಣು ಸೊರಗು ರೋಗ, ಎಲೆ ಅಂಗಮಾರಿ, ಈ ಮೂರಕ್ಕೂ ನಿರೋಧಕ. ಹಣ್ಣು 90ರಿಂದ 100 ಗ್ರಾಂ, ಗಟ್ಟಿ.

ಮೂರೂ ನಿಜ. ನಾನು ಪ್ರತಿ ಸಲ ಪಕ್ಕದ ಸಾಲಿನಲ್ಲೇ ನಮ್ಮ ಜವಾರಿ ಟೊಮೆಟೊ ಹಾಕುತ್ತೇನೆ. ಹಾಗಾಗಿ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ಮುಟುರು ರೋಗದ ವೈರಸ್ ಹರಡುವ ಬಿಳಿ ನೊಣ ಎರಡೂ ಸಾಲಿಗೆ ಬರುತ್ತದೆ. ಗಿಡ ಅಲುಗಿಸಿದರೆ ಎಲೆಯಡಿಯಿಂದ ಬೂದಿ ಹಾರಿದ ಹಾಗೆ ಏಳುತ್ತದೆ. ಜವಾರಿ ಗಿಡದ ತುದಿ ಎಲೆಗಳು ಚಿಕ್ಕದಾಗಿ, ಅಂಚು ಮೇಲಕ್ಕೆ ಮುದುಡಿ, ಹಳದಿಗೆ ತಿರುಗಿ, ಗಿಡ ಅಲ್ಲಿಗೇ ನಿಂತುಬಿಡುತ್ತದೆ. ರಕ್ಷಕ್ ತನ್ನ ಪಾಡಿಗೆ ಬೆಳೆಯುತ್ತಾ ಹೋಗುತ್ತದೆ. ಮಳೆ ಜೋರಾದಾಗ ಜವಾರಿಯ ಕೆಳ ಎಲೆಗಳಲ್ಲಿ ಉಂಗುರದೊಳಗೆ ಉಂಗುರ ಇರುವ ಕಂದು ಚುಕ್ಕೆ ಏಳುತ್ತದೆ, ಅದೇ ಅಂಗಮಾರಿ. ವಾರದೊಳಗೆ ಮೊಣಕಾಲೆತ್ತರದವರೆಗೆ ಎಲೆ ಖಾಲಿ. ರಕ್ಷಕ್‌ನಲ್ಲೂ ಅಲ್ಲೊಂದು ಇಲ್ಲೊಂದು ಚುಕ್ಕೆ ಬರುತ್ತದೆ, ಆದರೆ ಹರಡುವುದಿಲ್ಲ. ನಾನು ಔಷಧಿ ಹೊಡೆಯುವುದನ್ನೇ ಬಿಟ್ಟಿದ್ದೇನೆ. ಸಣ್ಣ ಮಕ್ಕಳು ಗಿಡದಿಂದಲೇ ಕಿತ್ತು ತಿನ್ನುವ ಮನೆಯಲ್ಲಿ ಇದು ದೊಡ್ಡ ನೆಮ್ಮದಿ.

ಸೊರಗು ರೋಗದ್ದು ಬೇರೆ ರೀತಿ. ಬೆಳಿಗ್ಗೆ ಚೆನ್ನಾಗಿದ್ದ ಗಿಡ ಮಧ್ಯಾಹ್ನಕ್ಕೆ ಹಸಿರಾಗಿಯೇ ಬಾಡಿ ಜೋತುಬಿದ್ದರೆ ಅನುಮಾನಪಡಬೇಕು. ಪಕ್ಕದ ಮನೆಯ ಅಕ್ಕ ಒಂದು ದಿನ ಅಂಥದೇ ಗಿಡ ಕಿತ್ತುಕೊಂಡು ಬಂದು "ನೀರು ಕಡಿಮಿ ಆತೇನವಾ?" ಅಂದರು. ಕಾಂಡವನ್ನು ಬುಡದ ಹತ್ತಿರ ಕತ್ತರಿಸಿ, ಕೊಯ್ದ ತುದಿ ಗಾಜಿನ ಲೋಟದ ತಿಳಿನೀರಿಗೆ ತಾಕುವ ಹಾಗೆ ಹಿಡಿದೆವು. ಸ್ವಲ್ಪ ಹೊತ್ತಿಗೆ ಕೊಯ್ದ ಕಡೆಯಿಂದ ಹಾಲಿನ ಬಣ್ಣದ ಎಳೆ ಸಣ್ಣಗೆ ಕೆಳಗಿಳಿಯಿತು. ಅದು ದುಂಡಾಣು. ನೀರು ಹಾಕಿದರೂ ಬಿಟ್ಟರೂ ಅಂಥ ಗಿಡ ಉಳಿಯುವುದಿಲ್ಲ, ಮಣ್ಣಿನಲ್ಲೇ ರೋಗ ಇರುತ್ತದೆ. ಅಂಥ ಮಣ್ಣಿದ್ದವರು ಬೇರೆ ಯೋಚನೆ ಮಾಡದೆ ನಿರೋಧಕ ತಳಿಗೆ ಹೋಗಬೇಕು.

ಒಂದು ಎಚ್ಚರ. ಮೂರು ರೋಗ ಅಂದರೆ ಮೂರೇ ರೋಗ. ಕಾಯಿ ಕೊರೆಯುವ ಹುಳಕ್ಕೆ, 2014ರಿಂದ ನಮ್ಮ ದೇಶದಲ್ಲಿ ಕಾಡುತ್ತಿರುವ, ಎಲೆ ಕೊರೆಯುವ ಟೂಟಾ ಹುಳಕ್ಕೆ ರಕ್ಷಕ್ ಬೇರೆ, ಜವಾರಿ ಬೇರೆ ಅಂತೇನಿಲ್ಲ. ಕಾಯಿ ಕೊರಕಕ್ಕೆ ನಾನು ಸಾಲಿನ ಆಚೀಚೆ ಚೆಂಡು ಹೂ ಹಾಕುತ್ತೇನೆ. ಟೊಮೆಟೊ ಹೂ ಬಿಡುವಾಗ ಚೆಂಡು ಹೂವೂ ಅರಳಿರಬೇಕು. ಅದಕ್ಕೇ 45 ದಿನದ ಚೆಂಡು ಹೂವಿನ ಸಸಿಯ ಜೊತೆ 25 ದಿನದ ಟೊಮೆಟೊ ಅಗಿ ಹಚ್ಚಬೇಕು. ಚಿಟ್ಟೆ ಮೊಟ್ಟೆ ಇಡಲು ಹೂವಿಗೇ ಹೋಗುತ್ತದೆ.

ದಿನದ ಕೆಲಸ ನನಗೆ ತುಂಬಾ ಇಷ್ಟ. ಅಗಿ ಟ್ರೇಯಲ್ಲಿರುವಾಗ ಹಳೆ ತೆಳು ಧೋತರ ಹೊದಿಸುತ್ತೇನೆ. ಸೊಳ್ಳೆ ಪರದೆ ಸಾಲದು, ಬಿಳಿ ನೊಣ ಅದರ ಕಣ್ಣಿನಲ್ಲಿ ತೂರಿ ಬರುತ್ತದೆ. ನಿರೋಧಕ ತಳಿಯಾದರೂ ಎಳೆಯದರಲ್ಲೇ ನೊಣ ಮುತ್ತಿದರೆ ಗಿಡ ಸೊಪ್ಪಗಾಗುತ್ತದೆ. ನೆಟ್ಟ ಮೇಲೆ ಬುಡಕ್ಕೆ ಭತ್ತದ ಹುಲ್ಲು, ನಮ್ಮೂರಲ್ಲಿ ಅದಕ್ಕೇನು ಬರ? ಎರಿ ಮಣ್ಣು ಬಿರುಕು ಬಿಡುವುದಿಲ್ಲ, ಮಳೆ ಹನಿಗೆ ಮಣ್ಣು ಸಿಡಿದು ಎಲೆಗೆ ಹತ್ತುವುದಿಲ್ಲ. ನೀರು ಬುಡಕ್ಕೆ ಮಾತ್ರ, ಬೆಳಿಗ್ಗೆ ಮಾತ್ರ. ಒಂದು ದಿನ ಒಣಗಿಸಿ ಮರುದಿನ ಕೆರೆ ಮಾಡಿದರೆ ಕಾಯಿಯ ತುದಿ ಕಪ್ಪಾಗಿ ಕುಳಿ ಬೀಳುತ್ತದೆ. ಅದು ರೋಗ ಅಲ್ಲ, ನೀರು ಏರುಪೇರಾಗಿ ಕಾಯಿಗೆ ಸುಣ್ಣದಂಶ ತಲುಪದೆ ಆಗುವ ತೊಂದರೆ. ಬೋರಿನ ಸವಳು ನೀರು ಇದ್ದವರಿಗೆ ಇದು ಇನ್ನೂ ಜಾಸ್ತಿ. ನಾವು ಕುಡಿಯುವ ನೀರಿನ ಪಾತ್ರೆ ತೊಳೆದ ನೀರನ್ನೆಲ್ಲ ಟೊಮೆಟೊ ಸಾಲಿಗೇ ಬಿಡುತ್ತೇವೆ.

ಹೂ ಶುರುವಾದ ಮೇಲೆ ಒಂಬತ್ತು ಗಂಟೆ ಹೊತ್ತಿಗೆ ಒಂದು ಸುತ್ತು. ಪ್ರತಿ ಗೊಂಚಲಿನ ಹಿಂದೆ ಬೆರಳಿನಿಂದ ಮೆಲ್ಲಗೆ ತಟ್ಟುತ್ತೇನೆ. ಟೊಮೆಟೊ ಹೂವಿಗೆ ಬೇರೆ ಹೂವಿನ ಪರಾಗ ಬೇಕಿಲ್ಲ, ಅಲುಗಿದರೆ ಸಾಕು. ಕೆಳಗೆ ಮೊಬೈಲಿನ ಕಪ್ಪು ಪರದೆ ಹಿಡಿದರೆ ಸಣ್ಣ ಬಿಳಿ ಪುಡಿ ಉದುರುವುದು ಕಾಣುತ್ತದೆ. ಡಿಸೆಂಬರ್, ಜನವರಿಯಲ್ಲಿ ಆ ಪುಡಿ ನೋಡುವುದೇ ಖುಷಿ.

ಏಪ್ರಿಲ್‌ನಲ್ಲಿ ಅದೇ ಗಿಡ, ಅದೇ ಹೂ, ತಟ್ಟಿದರೆ ಏನೂ ಬೀಳುವುದಿಲ್ಲ. ಹೂವನ್ನು ಹತ್ತಿರದಿಂದ ನೋಡಿ. ನಡುವಿನ ಹಳದಿ ಕೊಳವೆ ಒಣಗಿ ಕಂದಾಗಿರುತ್ತದೆ. ಒಳಗೇ ಇರಬೇಕಾದ ಹಸಿರು ತುದಿ ಕೊಳವೆ ದಾಟಿ ಹೊರಗೆ ಚಾಚಿರುತ್ತದೆ. ತೊಟ್ಟಿನ ನಡುವೆ ಒಂದು ಗಂಟು ಇರುತ್ತದಲ್ಲ, ಅಲ್ಲಿ ಮೊದಲು ಹಳದಿ ಬಣ್ಣ ಬರುತ್ತದೆ. ಮರುದಿನ ಬೆರಳು ತಾಕಿದರೆ ಹೂ ಆ ಗಂಟಿನಲ್ಲೇ ಕಳಚಿ ಅಂಗೈಗೆ ಬರುತ್ತದೆ. ಬುಡದ ಹುಲ್ಲಿನ ಮೇಲೆಲ್ಲ ಹಳದಿ ಹೂ. ಗಿಡಕ್ಕೆ ಒಂದು ರೋಗವೂ ಇಲ್ಲ, ಎಲೆ ಕಡುಹಸಿರು. ನೋಡಿದರೆ ಹೊಟ್ಟೆ ಉರಿಯುತ್ತದೆ.

ಕಾರಣ ಸರಳ. ಹಗಲು 35 ಡಿಗ್ರಿ ದಾಟಿ, ರಾತ್ರಿಯೂ 25ರ ಕೆಳಗೆ ಇಳಿಯದಿದ್ದರೆ ಟೊಮೆಟೊ ಪರಾಗ ಸರಿಯಾಗಿ ಬಲಿಯುವುದಿಲ್ಲ, ಕಾಯಿ ಕಚ್ಚುವುದಿಲ್ಲ. ನಮ್ಮಲ್ಲಿ ಏಪ್ರಿಲ್, ಮೇನಲ್ಲಿ ಹಗಲು 40 ದಾಟುತ್ತದೆ, ರಾತ್ರಿ ಗೋಡೆ ಮುಟ್ಟಿದರೂ ಬಿಸಿ. ವೈರಸ್ಸಿನ ವಿರುದ್ಧ ನಿಲ್ಲುವ ಗುಣ ಪರಾಗವನ್ನು ಕಾಪಾಡುವುದಿಲ್ಲ. ತಳಿ ಮಾಡಿದವರು ಹೇಳಿದ್ದು ಮೂರು ರೋಗದ ಮಾತು, ಅದನ್ನು ಅದು ಉಳಿಸಿಕೊಂಡಿದೆ. ಬೇಸಿಗೆಯ ಮಾತು ನಾನು ಕೇಳಿದ್ದು ಮಾರುವವರ ಬಾಯಲ್ಲಿ.

ನನಗೆ ಸಿಟ್ಟು ಇರುವುದು ಅಲ್ಲೇ. ಒಂದು ಅಂಗಡಿಯಲ್ಲಿ ಬೇರೊಂದು ಕಂಪನಿಯ ಪೊಟ್ಟಣ ಕೈಗೆ ಕೊಟ್ಟು, "ತಗೋರಿ ಅಕ್ಕಾರ, ಇದು ರೋಗಾನೂ ತಡಿತದ, ಬ್ಯಾಸಗಿನೂ ತಡಿತದ್ರಿ" ಅಂದರು. "ರಾತ್ರಿ ಎಷ್ಟು ಡಿಗ್ರಿ ತನಕ ಕಾಯಿ ಕಚ್ಚತದಣ್ಣ?" ಅಂತ ಕೇಳಿದೆ. ಉತ್ತರ ಇಲ್ಲ. ಪೊಟ್ಟಣದ ಮೇಲೆ ಕೆಂಪು ಹಣ್ಣಿನ ಚಿತ್ರ, ಎಲ್ಲಾ ಕಾಲಕ್ಕೂ ಸೂಕ್ತ ಅನ್ನುವ ಸಾಲು, ಅಷ್ಟೇ. ಆ ಬೀಜ ಹಾಕಿ ನೋಡಿದೆ, ಬೇಸಿಗೆಯಲ್ಲಿ ಅದರ ಹೂವೂ ಹಾಗೇ ಉದುರಿತು. ಹಳ್ಳಿಯಲ್ಲಿ ಎಕರೆಗಟ್ಟಲೆ ಹಾಕುವವರು ಇದೇ ಮಾತು ನಂಬಿ ಸಾಲ ಮಾಡುತ್ತಾರೆ. ಹೂ ಉದುರದಂತೆ ಹೊಡೆಯುವ ಹಾರ್ಮೋನು ಔಷಧಿಯನ್ನೂ ಅದೇ ಅಂಗಡಿಯವರು ಕೊಡುತ್ತಾರೆ. ಮನೆ ಊಟದ ಗಿಡಕ್ಕೆ ಅದು ನನಗೆ ಬೇಡ.

ಶೇಡ್ ನೆಟ್ ಕಟ್ಟಿದರೆ? ಕಟ್ಟಿದ್ದೇನೆ. 50 ಪರ್ಸೆಂಟ್ ಬಿಸಿಲು ತಡೆಯುವಂಥದು ಟೊಮೆಟೊಗೆ ಜಾಸ್ತಿ ಕತ್ತಲೆ, ಗಿಡ ಸಣಕಲಾಗಿ ಎತ್ತರ ಹೋಗುತ್ತದೆ. 35ರದ್ದು ಸಾಕು. ಹಣ್ಣಿನ ಭುಜ ಸುಟ್ಟು ಬಿಳಿ ಕಲೆ ಬೀಳುವುದು ನಿಂತಿತು, ಫೆಬ್ರವರಿ ಕೊನೆಗೆ ಮುಗಿಯುತ್ತಿದ್ದ ಕಾಯಿ ಮಾರ್ಚ್ ಮಧ್ಯದವರೆಗೆ ಕಚ್ಚಿತು. ಆದರೆ ನೆಟ್ ಹಗಲಿಗೆ ಮಾತ್ರ ನೆರಳು. ರಾತ್ರಿಯ ಸೆಕೆಗೆ ಅದು ಏನೂ ಮಾಡುವುದಿಲ್ಲ. ಇದ್ದ ಹಣ ನೆಟ್ಟಿಗೆ ಹಾಕುವ ಬದಲು ಬೀಜ ಹಾಕುವ ದಿನ ಬದಲಿಸಿದರೆ ಪುಕ್ಕಟೆ ಲಾಭ.

ಹೀಗೆ ಲೆಕ್ಕ ಹಾಕಿ. ಟ್ರೇಯಲ್ಲಿ ಅಗಿ 25 ದಿನ. ನೆಟ್ಟ ಮೇಲೆ ಹೂವಿಗೆ ಸುಮಾರು ಒಂದು ತಿಂಗಳು. ಹೂವಿನಿಂದ ಹಣ್ಣಿಗೆ ಒಂದೂವರೆ ತಿಂಗಳು. ನಮ್ಮಲ್ಲಿ ರಾತ್ರಿ ತಂಪಾಗುವುದು ನವೆಂಬರ್‌ನಿಂದ ಫೆಬ್ರವರಿ. ಹೂ ಆ ತಿಂಗಳುಗಳಲ್ಲಿ ಬರಬೇಕು. ಗಣೇಶನನ್ನು ಕಳಿಸಿದ ಮೇಲೆ ಬೀಜ, ದಸರಾ ಆಸುಪಾಸಿಗೆ ನಾಟಿ, ದೀಪಾವಳಿ ಕಳೆದು ಹೂ, ಸಂಕ್ರಾಂತಿ ಹೊತ್ತಿಗೆ ಬುಟ್ಟಿ ತುಂಬಾ ಹಣ್ಣು. ಡಿಸೆಂಬರ್ ಮಧ್ಯ ದಾಟಿದ ಮೇಲೆ ಬೀಜ ಹಾಕಬೇಡಿ, ಯಾವ ತಳಿಯಾದರೂ ಸರಿ. ಜೂನ್‌ನ ಮಿರಗದ (ಮೃಗಶಿರಾ) ಮಳೆಗೆ ಹಾಕಿದರೆ ಹೂ ಆಗಸ್ಟ್‌ನಲ್ಲಿ ಬರುತ್ತದೆ, ಇಳುವರಿ ಸ್ವಲ್ಪ ಕಡಿಮೆ. ಆದರೆ ಸುತ್ತ ಎಲ್ಲರ ಗಿಡ ಮುದುಡಿ ಕೂತಾಗ ರಕ್ಷಕ್ ಮಾತ್ರ ಕಾಯಿ ಕೊಡುತ್ತದೆ. ನನ್ನ ಪ್ರಕಾರ ಇದರ ನಿಜವಾದ ಬೆಲೆ ಗೊತ್ತಾಗುವುದು ಆ ಮಳೆಗಾಲದ ಬೆಳೆಯಲ್ಲೇ.

ಈಗ ರುಚಿ. ಇಲ್ಲಿ ನಾನು ಜವಾರಿ ಕಡೆ. ಸಾರಿಗೆ ಬೇಕಾದ ಹುಳಿ, ರಸ ಎರಡೂ ಜವಾರಿಯಲ್ಲೇ ಜಾಸ್ತಿ. ರಕ್ಷಕ್ ಹಣ್ಣಿಗೆ ತಿರುಳು ದಪ್ಪ, ಸಿಪ್ಪೆ ಗಟ್ಟಿ, ಹುಳಿ ಕಡಿಮೆ. ಸಾರಿಗೆ ಸ್ವಲ್ಪ ಹುಣಸೆ ಹಿಂಡಲೇಬೇಕು. ಆದರೆ ಅದೇ ಗಟ್ಟಿತನ ಇನ್ನೊಂದು ಕಡೆ ಕೈ ಹಿಡಿಯುತ್ತದೆ. ಜವಾರಿ ಹಣ್ಣು ಬುಟ್ಟಿಯಲ್ಲಿ ಮೂರನೇ ದಿನಕ್ಕೆ ಒಡೆದು ನೀರು ಬಿಡುತ್ತದೆ, ಇದು ಎರಡು ವಾರ ಹಾಗೇ ಇರುತ್ತದೆ. ನಮ್ಮ ಮನೆಯಲ್ಲಿ ಫ್ರಿಡ್ಜಿಗೆ ಟೊಮೆಟೊ ಹೋಗುವುದೇ ಇಲ್ಲ.

ಮಾರ್ಚ್‌ನ ಕೊನೆ ಕಾಯಿಗಳು ಗಿಡದಲ್ಲಿ ಬಿಟ್ಟರೆ ಕೆಂಪಾಗುವುದಿಲ್ಲ, ಕಿತ್ತಳೆ ಬಣ್ಣಕ್ಕೇ ನಿಲ್ಲುತ್ತವೆ. 30 ಡಿಗ್ರಿಗಿಂತ ಮೇಲೆ ಆ ಕೆಂಪು ಬಣ್ಣ ಕೂಡಿಕೊಳ್ಳುವುದಿಲ್ಲ. ತುದಿಯಲ್ಲಿ ಸ್ವಲ್ಪ ಬಣ್ಣ ತಿರುಗಿದ ಕೂಡಲೇ ಕಿತ್ತು, ಮನೆಯೊಳಗೆ ನೀರಿನ ಗಡಿಗೆ ಇಡುವ ತಂಪು ಮೂಲೆಯಲ್ಲಿ ಹರಡಿದರೆ ಚೆನ್ನಾಗಿ ಕೆಂಪಾಗುತ್ತವೆ. ಪೂರ್ತಿ ಹಸಿರು ಇದ್ದವು ಚಟ್ನಿಗೆ. ಹೋಳು ಮಾಡಿ, ಹಸಿಮೆಣಸಿನಕಾಯಿ ಜೊತೆ ಎಣ್ಣೆಯಲ್ಲಿ ಅಂಚು ಕಂದಾಗುವ ತನಕ ಹುರಿದು, ಬೆಳ್ಳುಳ್ಳಿ, ಜೀರಿಗೆ, ಹುರಿದ ಶೇಂಗಾ ಹಾಕಿ ಕಲ್ಲಿನಲ್ಲಿ ತರಿತರಿಯಾಗಿ ಕುಟ್ಟಬೇಕು. ಕೆಂಪು ಹಣ್ಣಿನಲ್ಲಿ ಕಾಣದ ಹುಳಿ ಈ ಕಾಯಿಯಲ್ಲಿ ಇದೆ, ತಿರುಳು ದಪ್ಪ ಇರುವುದರಿಂದ ಚಟ್ನಿ ನೀರಾಗುವುದಿಲ್ಲ. ಬಿಸಿ ಜೋಳದ ರೊಟ್ಟಿಗೆ ಇದಕ್ಕಿಂತ ಒಳ್ಳೆಯದು ನನಗೆ ಗೊತ್ತಿಲ್ಲ. ಇದೊಂದಕ್ಕೇ ಜವಾರಿಗಿಂತ ರಕ್ಷಕ್‌ಗೆ ಹೆಚ್ಚು ಅಂಕ ಕೊಡುತ್ತೇನೆ.

ಖರ್ಚಿನ ಮಾತು. ಪೊಟ್ಟಣ 10 ಗ್ರಾಂನದು. ಗ್ರಾಂಗೆ ಹೆಚ್ಚುಕಡಿಮೆ 300 ಬೀಜ ಅಂದರೂ ಒಂದು ಮನೆಗೆ ಇದು ತೀರಾ ಜಾಸ್ತಿ. ನಮ್ಮ ಓಣಿಯಲ್ಲಿ ಹಂಚಿಕೊಳ್ಳುತ್ತೇವೆ. ಉಳಿದದ್ದು ಗಾಳಿಯಾಡದ ಡಬ್ಬಿಯಲ್ಲಿ ಫ್ರಿಡ್ಜಿನಲ್ಲಿಟ್ಟರೆ ಮುಂದಿನ ವರ್ಷಕ್ಕೂ ಮೊಳೆಯುತ್ತದೆ. ಇದರ ಹಣ್ಣಿನಿಂದ ಬೀಜ ತೆಗೆದು ಹಾಕಲು ಹೋಗಬೇಡಿ. ಹೈಬ್ರಿಡ್ ಆದ್ದರಿಂದ ಮುಂದಿನ ಪೀಳಿಗೆಯಲ್ಲಿ ಗುಣ ಚದುರಿಹೋಗುತ್ತದೆ, ಕೆಲವು ಗಿಡಕ್ಕೆ ರೋಗ ಹತ್ತುತ್ತದೆ. ಸ್ವಂತ ಬೀಜ ಉಳಿಸಿಕೊಳ್ಳಬೇಕು, ನೀರು ಕಡಿಮೆ ಇದೆ ಅನ್ನುವವರಿಗೆ ಅದೇ ಸಂಸ್ಥೆಯ ಅರ್ಕಾ ವಿಕಾಸ್ ಇದೆ. ಅದು ಹೈಬ್ರಿಡ್ ಅಲ್ಲ, ನೀರಿನ ಕೊರತೆ ತಡೆಯುತ್ತದೆ, ಆದರೆ ರಕ್ಷಕ್‌ನಷ್ಟು ರೋಗ ತಡೆಯುವುದಿಲ್ಲ. ಕುಷ್ಟಗಿ, ಲಿಂಗಸುಗೂರು ಕಡೆಯ ಒಣ ಭೂಮಿಗೆ ನಾನಾದರೆ ಮೊದಲು ಅದನ್ನೇ ಹಾಕಿ ನೋಡುತ್ತೇನೆ. ಗದ್ದೆ ಪಕ್ಕ ಇರುವವರು ರಕ್ಷಕ್ ಹಾಕಿ, ಜೊತೆಗೆ ಸಾರಿಗೆ ಅಂತ ಜವಾರಿಯದೂ ಒಂದು ನಾಲ್ಕು ಗಿಡ ಇರಲಿ. ಅವುಗಳಲ್ಲಿ ಮುಟುರು ಬಂದದ್ದನ್ನು ಕಂಡ ಕೂಡಲೇ ಕಿತ್ತು ಸುಟ್ಟುಬಿಡಿ, ಬೀಜಕ್ಕೆ ಉಳಿದ ಗಿಡದ ಎರಡನೇ ಗೊಂಚಲಿನ ಹಣ್ಣು ಬಿಡಿ.