33 ಜೊತೆ ಅಲೈನರ್, 13 ತಿಂಗಳು: ನಡುವಯಸ್ಸಿನಲ್ಲಿ ಹಲ್ಲು ಸರಿಪಡಿಸಿಕೊಂಡ ಅನುಭವ

33 ಜೊತೆ ಅಲೈನರ್‌ಗಳನ್ನು (ಹಲ್ಲನ್ನು ಸ್ವಲ್ಪಸ್ವಲ್ಪವಾಗಿ ಸರಿಸುವ, ತೆಗೆದು ಹಾಕಬಹುದಾದ ಪಾರದರ್ಶಕ ಪ್ಲಾಸ್ಟಿಕ್ ಅಚ್ಚುಗಳು; ಇವನ್ನೇ ಟ್ರೇ ಎಂದೂ ಕರೆಯುತ್ತೇನೆ) 13 ತಿಂಗಳ ಕಾಲ ಧರಿಸಿ ಮುಗಿಸಿ, ಈಗ ಒಂದು ವರ್ಷದಿಂದ, ಸರಿದ ಹಲ್ಲನ್ನು ಹಿಡಿದಿಡುವ ರಿಟೇನರ್ ಹಾಕಿಕೊಂಡು ಮಲಗುತ್ತಿರುವ ನಾನು, ಈ ವಿಮರ್ಶೆಯನ್ನು ಬೇಕೆಂದೇ ಇಷ್ಟು ತಡವಾಗಿ ಬರೆಯುತ್ತಿದ್ದೇನೆ. ನಾನು ಓದಿದ ವಿಮರ್ಶೆಗಳಲ್ಲಿ ಹೆಚ್ಚಿನವು ಮೊದಲ ತಿಂಗಳ ಉತ್ಸಾಹದಲ್ಲೋ ಕೊನೆಯ ಟ್ರೇ ಕಳಚಿದ ದಿನದ ಸಂಭ್ರಮದಲ್ಲೋ ಬರೆದಂಥವು. ಸರಿದ ಹಲ್ಲು ಸರಿದಲ್ಲಿಯೇ ನಿಂತಿದೆಯೇ ಎಂಬುದು ತಿಳಿಯಲು ಅದಕ್ಕಿಂತ ಹೆಚ್ಚು ಕಾಲ ಬೇಕು. ಚಿಕಿತ್ಸೆ ಆರಂಭಿಸಿದಾಗ ನನಗೆ 42 ವರ್ಷ. ಮೇಲಿನ ಸಾಲಿನಲ್ಲಿ ಎಡಬದಿಯ ಎರಡನೆಯ ಬಾಚಿಹಲ್ಲು ಒಳಕ್ಕೆ ಸರಿದು ಪಕ್ಕದ ಹಲ್ಲಿನ ಹಿಂದೆ ಅರ್ಧ ಅಡಗಿತ್ತು. ಕೆಳಗಿನ ನಾಲ್ಕು ಬಾಚಿಹಲ್ಲುಗಳು ಜಾಗ ಸಾಲದೆ ಒಂದರ ಮೇಲೊಂದು ಒತ್ತರಿಸಿ ನಿಂತಿದ್ದವು. ಕೆಳಗಿನ ಬಲ ಕೋರೆಹಲ್ಲು ನಿಂತಲ್ಲಿಯೇ ತಿರುಚಿಕೊಂಡಿತ್ತು. ಈ ಮೂರನ್ನೂ ಬಿಡಿಬಿಡಿಯಾಗಿ ಹೇಳುವುದಕ್ಕೆ ಕಾರಣವಿದೆ: ಅಲೈನರ್ ಮೂರರಲ್ಲಿಯೂ ಒಂದೇ ರೀತಿಯ ಫಲ ಕೊಡಲಿಲ್ಲ.

ತಂತಿಯಿಲ್ಲದೆ, ಅಚ್ಚಿನಂಥ ಉಪಕರಣದಿಂದಲೇ ಹಲ್ಲನ್ನು ತಳ್ಳುವ ಯೋಚನೆ ಹೊಸದೇನಲ್ಲ. ಅಮೆರಿಕದ ಹೆರಾಲ್ಡ್ ಕೆಸ್ಲಿಂಗ್ ಅವರು ತಂತಿಯ ಚಿಕಿತ್ಸೆ ಮುಗಿದ ಮೇಲೆ ಉಳಿಯುವ ಸಣ್ಣಪುಟ್ಟ ವಕ್ರತೆಯನ್ನು ತಿದ್ದಲು ರಬ್ಬರಿನ ಉಪಕರಣವೊಂದನ್ನು 1945ರಲ್ಲಿಯೇ ವಿವರಿಸಿದ್ದರು. 1997ರಲ್ಲಿ ಆರಂಭವಾದ ಅಲೈನ್ ಟೆಕ್ನಾಲಜಿ ಕಂಪನಿ, ಇನ್ವಿಸಲೈನ್ ಎಂಬ ಹೆಸರಿನ ತನ್ನ ಉತ್ಪನ್ನಕ್ಕಾಗಿ, ಹಲ್ಲುಗಳ ಪ್ರಯಾಣವನ್ನು ಕಂಪ್ಯೂಟರಿನಲ್ಲಿ ಹತ್ತಾರು ಹೆಜ್ಜೆಗಳಾಗಿ ಒಡೆದು, ಪ್ರತಿ ಹೆಜ್ಜೆಗೂ ಒಂದು ಮಾದರಿಯನ್ನು ಮುದ್ರಿಸಿ, ಅದರ ಮೇಲೆ ಬಿಸಿ ಮಾಡಿದ ಪ್ಲಾಸ್ಟಿಕ್ ಹಾಳೆಯನ್ನು ಒತ್ತಿ ಟ್ರೇ ತಯಾರಿಸುವ ಕ್ರಮವನ್ನು ತಂದಿತು. ಈಗ ಬೇರೆ ಬೇರೆ ಕಂಪನಿಗಳು ಮಾರುವ ಅಲೈನರ್‌ಗಳೂ ಮೂಲತಃ ಇದೇ ಕ್ರಮದಲ್ಲಿ ತಯಾರಾಗುತ್ತವೆ. ಒಂದು ಟ್ರೇ ಒಂದು ಹಲ್ಲನ್ನು ಸರಿಸುವುದು ಹೆಚ್ಚೆಂದರೆ ಸುಮಾರು 0.25 ಮಿಲಿಮೀಟರ್. ಹಲ್ಲಿನ ಬೇರಿಗೂ ಅದನ್ನು ಹಿಡಿದಿರುವ ಮೂಳೆಗೂ ನಡುವಿನ ನಾರಿನ ಪದರದ ದಪ್ಪವೂ ಹೆಚ್ಚುಕಡಿಮೆ ಅಷ್ಟೇ ಇರುವುದರಿಂದ ಈ ಮಿತಿ ಅರ್ಥವಾಗುವಂಥದ್ದು. ಆ ಪದರ ಒತ್ತಿಹೋದ ಬದಿಯಲ್ಲಿ ಮೂಳೆ ಕರಗುತ್ತದೆ, ಎಳೆದುಕೊಂಡ ಬದಿಯಲ್ಲಿ ಹೊಸ ಮೂಳೆ ಬೆಳೆಯುತ್ತದೆ. ಮೂರನೆಯ ವಾರದಲ್ಲಿ ಮುಂದಿನ ಹಲ್ಲುಗಳು ಬೆರಳಿಗೆ ಅಲುಗುವಂತಾದಾಗ ನಾನು ಗಾಬರಿಯಾಗಿದ್ದೆ; ಅದು ಈ ಕೆಲಸ ನಡೆಯುತ್ತಿರುವುದರ ಲಕ್ಷಣವೆಂದು ವೈದ್ಯರು ವಿವರಿಸಿದ ಮೇಲೆ ಸಮಾಧಾನವಾಯಿತು.

ಮೊದಲ ಭೇಟಿಯಲ್ಲಿಯೇ ಅಳತೆ ತೆಗೆದುಕೊಳ್ಳುತ್ತಾರೆಂದು ನಾನು ಭಾವಿಸಿದ್ದೆ. ಹಾಗಾಗಲಿಲ್ಲ. ಎಕ್ಸ್-ರೇ ತೆಗೆದು, ಪ್ರತಿ ಹಲ್ಲಿನ ಸುತ್ತ ವಸಡಿನ ಆಳವನ್ನು ಸಣ್ಣ ಕಡ್ಡಿಯಿಂದ ಅಳೆದು, ಎರಡು ದವಡೆಹಲ್ಲುಗಳ ಬಳಿ ವಸಡಿನ ಉರಿಯೂತವಿದೆಯೆಂದೂ ಅದು ವಾಸಿಯಾಗುವವರೆಗೆ ಯಾವ ಹಲ್ಲನ್ನೂ ಸರಿಸುವುದಿಲ್ಲವೆಂದೂ ಹೇಳಿ ಕಳುಹಿಸಿದರು. ಆ ದಿನ ಬೇಸರವಾದದ್ದು ನಿಜ. ಆದರೆ ವಯಸ್ಕರ ಬಾಯಿಯಲ್ಲಿ ಮೂಳೆ ಈಗಾಗಲೇ ಸ್ವಲ್ಪ ಇಳಿದಿರಬಹುದು, ಹಳೆಯ ತುಂಬಿಕೆಗಳೂ ಕ್ಯಾಪ್‌ಗಳೂ ಇರಬಹುದು. ಉರಿಯೂತವಿರುವ ವಸಡಿನಲ್ಲಿ ಹಲ್ಲನ್ನು ತಳ್ಳಿದರೆ ಇರುವ ಮೂಳೆಯೂ ಹೋಗಬಹುದು. ಹೀಗೆ ನನ್ನನ್ನು ವಾಪಸು ಕಳುಹಿಸಿದ್ದನ್ನು ಈ ಚಿಕಿತ್ಸಾಲಯದ ಮೊದಲ ಗುಣವೆಂದು ಈಗ ಲೆಕ್ಕಿಸುತ್ತೇನೆ.

ಎರಡು ತಿಂಗಳ ನಂತರ ಸ್ಕ್ಯಾನ್ ಆಯಿತು. ಪರದೆಯ ಮೇಲೆ ನನ್ನ ಹಲ್ಲುಗಳು ಅರ್ಧ ನಿಮಿಷದಲ್ಲಿ ಸರಸರನೆ ಸರಿದು ಸಾಲಾಗಿ ನಿಂತದ್ದನ್ನು ತೋರಿಸಿದರು. ಆ ಚಿತ್ರಣದ ಬಗ್ಗೆ ಒಂದು ಮಾತು ಹೇಳಲೇಬೇಕು: ಅದು ಯೋಜನೆ, ಭರವಸೆಯಲ್ಲ. ಪ್ಲಾಸ್ಟಿಕ್ ಎಲ್ಲಿಗೆ ತಳ್ಳಲು ಹೊರಟಿದೆ ಎಂಬುದನ್ನು ಅದು ತೋರಿಸುತ್ತದೆಯೇ ಹೊರತು ಹಲ್ಲು ಅಲ್ಲಿಗೆ ಹೋಗುತ್ತದೆ ಎಂಬುದನ್ನಲ್ಲ. ನನಗೆ ಇದನ್ನು ಆ ದಿನವೇ ಇಷ್ಟು ಸ್ಪಷ್ಟವಾಗಿ ಹೇಳಿದ್ದರೆ ಒಂಬತ್ತನೆಯ ತಿಂಗಳಲ್ಲಿ ಅಷ್ಟು ನಿರಾಶೆಯಾಗುತ್ತಿರಲಿಲ್ಲ.

ಪಾರದರ್ಶಕವೆಂಬ ವಿಶೇಷಣವನ್ನೂ ಸ್ವಲ್ಪ ಎಚ್ಚರದಿಂದ ಓದಬೇಕು. ಟ್ರೇಗೆ ಹಿಡಿತ ಸಿಗಲೆಂದು ಹಲವು ಹಲ್ಲುಗಳ ಮೇಲೆ ಹಲ್ಲಿನ ಬಣ್ಣದ ಸಣ್ಣ ದಿಬ್ಬಗಳನ್ನು ಅಂಟಿಸುತ್ತಾರೆ; ಇವಕ್ಕೆ ಅಟ್ಯಾಚ್‌ಮೆಂಟ್ ಎನ್ನುತ್ತಾರೆ. ನನಗೆ 11 ಇದ್ದವು, ಅವುಗಳಲ್ಲಿ ಎರಡು ಮುಂದಿನ ಹಲ್ಲುಗಳ ಮೇಲೆಯೇ. ಟ್ರೇ ತೆಗೆದಾಗ ಅವು ನಾಲಿಗೆಗೂ ತುಟಿಗೂ ತರಿತರಿಯಾಗಿ ತಗಲುತ್ತವೆ. ಟ್ರೇ ಹಾಕಿದಾಗ ಬೆಳಕಿನಲ್ಲಿ ಹೊಳೆಯುತ್ತವೆ. ಎರಡು ಮೂರು ಅಡಿ ದೂರದಿಂದ ಬಹುತೇಕರಿಗೆ ಕಾಣಲಿಲ್ಲ, ಎದುರು ಕುಳಿತು ಮಾತನಾಡಿದವರಿಗೆ ಕಂಡಿತು.

ಕೆಳಗಿನ ಹಲ್ಲುಗಳಿಗೆ ಜಾಗ ಮಾಡಲು ಹಲ್ಲುಗಳ ನಡುವೆ ಎನಾಮಲ್ ಅನ್ನು, ಅಂದರೆ ಹಲ್ಲಿನ ಗಟ್ಟಿ ಹೊರಪದರವನ್ನು, ಉಜ್ಜಿ ತೆಗೆಯಬೇಕೆಂದಾಗ ನಾನು ಹಿಂಜರಿದೆ. ಎನಾಮಲ್ ಮತ್ತೆ ಬೆಳೆಯುವುದಿಲ್ಲವೆಂಬುದು ಎಲ್ಲರಿಗೂ ಗೊತ್ತಿರುವ ವಿಷಯ. ಎಷ್ಟು ತೆಗೆಯುತ್ತೀರಿ, ಎಲ್ಲಿ ತೆಗೆಯುತ್ತೀರಿ ಎಂದು ಕೇಳಿದ್ದಕ್ಕೆ ವೈದ್ಯರು ಯೋಜನೆಯ ಹಾಳೆಯನ್ನೇ ಮುಂದಿಟ್ಟರು: ಐದು ಸಂದುಗಳಲ್ಲಿ ತಲಾ 0.2ರಿಂದ 0.3 ಮಿಲಿಮೀಟರ್. ವಜ್ರದ ಪುಡಿ ಮೆತ್ತಿದ ತೆಳುವಾದ ಪಟ್ಟಿಯನ್ನು ಸಂದಿಯಲ್ಲಿ ತೂರಿಸಿ ಉಜ್ಜಿದರು. ನೋವಿರಲಿಲ್ಲ, ತಲೆಯೊಳಗೆ ಗರಗಸ ಎಳೆದಂಥ ಸದ್ದು ಮಾತ್ರ ಇಂದಿಗೂ ನೆನಪಿದೆ. ಒಂದು ಹಲ್ಲನ್ನು ಕಿತ್ತು ಜಾಗ ಮಾಡುವ ದಾರಿಯೂ ಇತ್ತು. ನನ್ನ ಮಟ್ಟದ ಒತ್ತರಕ್ಕೆ ಅದು ಅತಿಯಾಗುತ್ತಿತ್ತೆಂದೇ ಈಗಲೂ ಅನ್ನಿಸುತ್ತದೆ.

ಪ್ರತಿ ಹೊಸ ಟ್ರೇಯ ಮೊದಲ ಎರಡು ದಿನ ಹಲ್ಲು ಜೋಮು ಹಿಡಿದಂತೆ ನೋಯುತ್ತದೆ, ಮೂರನೆಯ ದಿನ ಮರೆತುಹೋಗುತ್ತದೆ. ಹೊಸ ಟ್ರೇಯನ್ನು ರಾತ್ರಿ ಮಲಗುವ ಮುನ್ನ ಹಾಕಿಕೊಂಡರೆ ಬಿಗಿತದ ಮೊದಲ ಕೆಲವು ಗಂಟೆಗಳು ನಿದ್ದೆಯಲ್ಲಿ ಕಳೆಯುತ್ತವೆ. ಮಾತಿನ ತೊಡಕು ನಾನು ಹೆದರಿದ್ದಕ್ಕಿಂತ ಕಡಿಮೆ. ಸಕಾರ, ಶಕಾರಗಳು ಮೊದಲ ವಾರ ಒಂದರಂತೆ ಇನ್ನೊಂದು ಕೇಳಿಸುತ್ತಿದ್ದವು; ದಿನವೂ ಹತ್ತು ನಿಮಿಷ ಗಟ್ಟಿಯಾಗಿ ಓದಿದ್ದರಿಂದ ಎಂಟನೆಯ ದಿನದ ಹೊತ್ತಿಗೆ ನಾಲಿಗೆ ದಾರಿ ಕಂಡುಕೊಂಡಿತು. ನಾಲಿಗೆಯ ಅಂಚನ್ನು ಕೊಯ್ದ ಒಂದು ಟ್ರೇಯ ತುದಿಯನ್ನು ಉಗುರು ಉಜ್ಜುವ ಅರದಿಂದ, ವೈದ್ಯರನ್ನು ಫೋನಿನಲ್ಲಿ ಕೇಳಿಕೊಂಡು, ನಾನೇ ನುಣುಪು ಮಾಡಿಕೊಂಡೆ.

ನಿಜವಾದ ಕಷ್ಟವೆಂದರೆ ಗಂಟೆಗಳ ಲೆಕ್ಕ. ದಿನಕ್ಕೆ 20ರಿಂದ 22 ಗಂಟೆ ಧರಿಸಬೇಕು ಎಂಬ ವಾಕ್ಯವನ್ನು ಓದುವಾಗ ಅದು ಸುಲಭವೆನಿಸುತ್ತದೆ. 22 ಗಂಟೆಯೆಂದರೆ ಮೂರು ಹೊತ್ತಿನ ಊಟ, ಪ್ರತಿ ಊಟದ ನಂತರ ಹಲ್ಲುಜ್ಜುವುದು, ಟ್ರೇ ತೊಳೆಯುವುದು, ಎಲ್ಲವೂ ಸೇರಿ ಎರಡೇ ಗಂಟೆಯಲ್ಲಿ ಮುಗಿಯಬೇಕು. ನೀರನ್ನು ಬಿಟ್ಟು ಬೇರೇನನ್ನೂ ಟ್ರೇ ಹಾಕಿಕೊಂಡು ಕುಡಿಯುವಂತಿಲ್ಲ: ಬಿಸಿ ಪಾನೀಯ ಪ್ಲಾಸ್ಟಿಕ್ಕಿನ ಆಕಾರ ಕೆಡಿಸುತ್ತದೆ, ಬಣ್ಣದ ಪಾನೀಯ ಕಲೆ ಮಾಡುತ್ತದೆ, ಸಿಹಿಯದು ಲಾಲಾರಸ ತಲುಪದ ಜಾಗದಲ್ಲಿ ನಿಂತು ಹುಳುಕಿಗೆ ದಾರಿಯಾಗುತ್ತದೆ. ಒಂದು ಲೋಟ ಕಾಫಿಯನ್ನು ಮುಕ್ಕಾಲು ಗಂಟೆ ಗುಟುಕರಿಸುತ್ತ ಕೆಲಸ ಮಾಡುವ ನನ್ನಂಥವನಿಗೆ ಇದು ಹಲ್ಲುನೋವಿಗಿಂತ ದೊಡ್ಡ ಶಿಕ್ಷೆಯಾಗಿತ್ತು. ಎರಡನೆಯ ತಿಂಗಳಲ್ಲಿ, ನಾನು 21 ಗಂಟೆ ಧರಿಸುತ್ತಿದ್ದೇನೆಂಬ ದೃಢ ನಂಬಿಕೆಯಿಂದ, ಒಂದು ವಾರ ತೆಗೆದ ಹೊತ್ತು, ಹಾಕಿದ ಹೊತ್ತು ಎಲ್ಲವನ್ನೂ ಬರೆದಿಟ್ಟೆ. ಕೂಡಿದಾಗ ಬಂದದ್ದು ಸರಾಸರಿ 18 ಗಂಟೆ. ನಾನು ಸುಳ್ಳು ಹೇಳಿರಲಿಲ್ಲ. ತೆಗೆದಿಟ್ಟ ಹೊತ್ತು ಹಾಕಿಕೊಂಡ ಹೊತ್ತಿನಷ್ಟು ಗಮನಕ್ಕೆ ಬರುವುದಿಲ್ಲ, ಅಷ್ಟೇ.

ಆ ಮೂರು ಗಂಟೆಯ ಕೊರತೆಯ ಫಲ ಮೇಲಿನ ಸಾಲಿನ ಆ ಒಳಸರಿದ ಹಲ್ಲಿನಲ್ಲಿ ಕಂಡಿತು. ಆರನೆಯ ಟ್ರೇಯ ಹೊತ್ತಿಗೆ ಉಳಿದ ಹಲ್ಲುಗಳು ಪ್ಲಾಸ್ಟಿಕ್ಕಿನಲ್ಲಿ ಪೂರ್ತಿ ಕುಳಿತಿದ್ದರೂ ಅದರ ತುದಿಗೂ ಟ್ರೇಗೂ ನಡುವೆ ಬಿಳಿಯ ಗೆರೆಯಂಥ ತೆರಪು ಉಳಿದಿತ್ತು. ಟ್ರೇ ಮುಂದಕ್ಕೆ ಹೋಗಿದೆ, ಹಲ್ಲು ಹಿಂದುಳಿದಿದೆ ಎಂಬುದರ ಗುರುತು ಅದು. ಹೀಗಾದಾಗ ಮುಂದಿನ ಟ್ರೇಗೆ ಹೋದರೆ ಅಂತರ ಹೆಚ್ಚುತ್ತ ಹೋಗುತ್ತದೆ. ಬೆರಳಿನ ಗಾತ್ರದ, ರಬ್ಬರಿನಂಥ ಮೆತ್ತನೆಯ ಸುರುಳಿಯೊಂದನ್ನು (ಇದಕ್ಕೆ ಚೂಯಿ ಎನ್ನುತ್ತಾರೆ) ಆ ಹಲ್ಲಿನ ಬಳಿ ದಿನಕ್ಕೆರಡು ಬಾರಿ ಕಚ್ಚಿ ಹಿಡಿಯಬೇಕೆಂದೂ, ಹತ್ತು ದಿನದ ಬದಲು ಹದಿನಾಲ್ಕು ದಿನ ಅದೇ ಟ್ರೇಯಲ್ಲಿ ಇರಬೇಕೆಂದೂ ಸೂಚಿಸಿದರು. ಎರಡು ಟ್ರೇಗಳ ನಂತರ ತೆರಪು ಮುಚ್ಚಿತು. ಕಾಫಿಯನ್ನು ಊಟದ ಜೊತೆಗೇ ಮುಗಿಸುವ ಅಭ್ಯಾಸವೂ ಆಗಲೇ ಆರಂಭವಾಯಿತು.

ಒಂದು ಟ್ರೇಯನ್ನು ಕಾಗದದ ಕರವಸ್ತ್ರದಲ್ಲಿ ಸುತ್ತಿಟ್ಟು ಕಸದ ಬುಟ್ಟಿಗೆ ಹಾಕಿದ ಸಾಧನೆಯೂ ನನ್ನ ಹೆಸರಿನಲ್ಲಿದೆ. ಎಂಟು ದಿನ ಧರಿಸಿಯಾಗಿದ್ದರಿಂದ ಮುಂದಿನದಕ್ಕೆ ಹೋಗಲು ಒಪ್ಪಿಗೆ ಸಿಕ್ಕಿತು. ಮೊದಲ ದಿನಗಳಲ್ಲಿಯೇ ಕಳೆದಿದ್ದರೆ ಹಿಂದಿನ ಟ್ರೇ ಬೇಕಾಗುತ್ತಿತ್ತು. ಆದ್ದರಿಂದ ಹಳೆಯದನ್ನು ತಕ್ಷಣ ಎಸೆಯಬಾರದು.

24 ಟ್ರೇಗಳು ಮುಗಿದಾಗ ಕೆಳಗಿನ ಬಾಚಿಹಲ್ಲುಗಳು ಪರದೆಯ ಮೇಲೆ ಕಂಡಂತೆಯೇ ನಿಂತಿದ್ದವು. ಒಳಸರಿದ ಹಲ್ಲು ಹೊರಗೆ ಬಂದಿತ್ತು, ಆದರೆ ಪಕ್ಕದ ಹಲ್ಲಿಗಿಂತ ತುಸು ಮೋಟಾಗಿ ಕಾಣುತ್ತಿತ್ತು. ತಿರುಚಿದ ಕೋರೆಹಲ್ಲು ಅರ್ಧ ದಾರಿಯಲ್ಲಿ ನಿಂತಿತ್ತು. ವಸ್ತುವಿನ ಸ್ವಭಾವವೇ ಇದಕ್ಕೆ ಕಾರಣ. ಬಾಚಿಹಲ್ಲು ಚಪ್ಪಟೆ, ಅದನ್ನು ತಳ್ಳಲು ಪ್ಲಾಸ್ಟಿಕ್ಕಿಗೆ ಒಂದು ಮುಖ ಸಿಗುತ್ತದೆ. ಕೋರೆಹಲ್ಲು ದುಂಡಗೆ, ಅದನ್ನು ತಿರುಗಿಸಹೊರಟ ಟ್ರೇ ಜಾರುತ್ತದೆ. ಅಲ್ಲದೆ ಕೋರೆಹಲ್ಲಿನ ಬೇರು ಉದ್ದ. ಹಲ್ಲನ್ನು ವಸಡಿನಿಂದ ಹೊರಕ್ಕೆ ಎಳೆಯುವುದೂ ಹೀಗೆಯೇ ಕಷ್ಟ, ಏಕೆಂದರೆ ಎಳೆಯಲು ಹಿಡಿತ ಬೇಕು. ಮತ್ತೆ ಸ್ಕ್ಯಾನ್ ಮಾಡಿ, ದಿಬ್ಬಗಳ ಜಾಗ ಬದಲಿಸಿ, ಇನ್ನೂ 9 ಜೊತೆ ತರಿಸಿದರು. ಇದಕ್ಕೆ ರಿಫೈನ್‌ಮೆಂಟ್ ಎಂದು ಹೆಸರು. ಹೊಸವು ಬರುವವರೆಗೆ ಕೊನೆಯ ಟ್ರೇಯಲ್ಲಿಯೇ ಐದು ವಾರ ಕಳೆದೆ. ಇದಾದ ಮೇಲೂ ಕೋರೆಹಲ್ಲು ಪೂರ್ತಿ ತಿರುಗಿಲ್ಲ. ಕನ್ನಡಿಯಲ್ಲಿ ನನಗೆ ಮಾತ್ರ ಕಾಣುವಷ್ಟು ಉಳಿದಿದೆ, ಅಲ್ಲಿಗೇ ಸಾಕೆಂದೆ. ಆ ಹಲ್ಲೊಂದೇ ನನ್ನ ಸಮಸ್ಯೆಯಾಗಿದ್ದರೆ ಅಲೈನರ್ ಆಯ್ಕೆ ತಪ್ಪಾಗುತ್ತಿತ್ತು. ತಂತಿ ಈ ಕೆಲಸವನ್ನು ಹೆಚ್ಚು ನಿಶ್ಚಿತವಾಗಿ ಮಾಡುತ್ತದೆ, ರೋಗಿ ಶಿಸ್ತಿನವನೋ ಅಲ್ಲವೋ ಎಂದು ಕೇಳುವುದೂ ಇಲ್ಲ.

ಎರಡು ಪರಿಣಾಮಗಳನ್ನು ಮೊದಲೇ ತಿಳಿದಿರುವುದು ಒಳ್ಳೆಯದು. ಒತ್ತರಿಸಿದ್ದ ಹಲ್ಲುಗಳು ಬಿಡಿಸಿಕೊಂಡಾಗ, ವರ್ಷಗಳ ಹಿಂದೆಯೇ ಇಳಿದಿದ್ದ ವಸಡು ಆ ಸಂದಿಯನ್ನು ತುಂಬುವುದಿಲ್ಲ. ಕೆಳಗಿನ ಎರಡು ಹಲ್ಲುಗಳ ನಡುವೆ ಬುಡದಲ್ಲಿ ಚಿಕ್ಕ ಕಪ್ಪು ತ್ರಿಕೋನ ನನಗೆ ಉಳಿದಿದೆ. ಇನ್ನೊಂದು, ಎಂಟನೆಯ ತಿಂಗಳಲ್ಲಿ ಟ್ರೇ ತೆಗೆದು ಬಾಯಿ ಮುಚ್ಚಿದರೆ ಹಿಂದಿನ ದವಡೆಹಲ್ಲುಗಳು ಒಂದಕ್ಕೊಂದು ತಗಲುತ್ತಿರಲಿಲ್ಲ, ಅಗಿಯುವಾಗ ಆಹಾರ ಜಾರುತ್ತಿತ್ತು. ಮೇಲೂ ಕೆಳಗೂ ಇರುವ ಪ್ಲಾಸ್ಟಿಕ್ಕಿನ ದಪ್ಪದ ಮೇಲೆ ತಿಂಗಳುಗಟ್ಟಲೆ ಕಚ್ಚಿದ್ದರಿಂದ ಹೀಗಾಗುತ್ತದಂತೆ. ಚಿಕಿತ್ಸೆ ಮುಗಿದು ರಾತ್ರಿ ಮಾತ್ರ ರಿಟೇನರ್ ಧರಿಸತೊಡಗಿದ ಮೇಲೆ ಏಳೆಂಟು ವಾರಗಳಲ್ಲಿ ಅವು ತಾವಾಗಿ ಕೂಡಿಕೊಂಡವು.

ವೈದ್ಯರ ಭೇಟಿಯಿಲ್ಲದೆ, ಮನೆಯಲ್ಲಿಯೇ ಅಚ್ಚು ತೆಗೆದು ಅಂಚೆಯಲ್ಲಿ ತರಿಸಿಕೊಳ್ಳುವ ಅಲೈನರ್‌ಗಳನ್ನು ನಾನು ಪರಿಗಣಿಸಿ ಕೈಬಿಟ್ಟೆ. ಈ ಬಗೆಯ ವ್ಯಾಪಾರದಲ್ಲಿ ಅತಿ ಪ್ರಸಿದ್ಧವಾಗಿದ್ದ ಸ್ಮೈಲ್‌ಡೈರೆಕ್ಟ್‌ಕ್ಲಬ್ 2023ರ ಡಿಸೆಂಬರ್‌ನಲ್ಲಿ ಬಾಗಿಲು ಮುಚ್ಚಿದಾಗ ಚಿಕಿತ್ಸೆಯ ನಡುವೆ ಇದ್ದವರು ನಡುದಾರಿಯಲ್ಲಿ ಉಳಿದರು, ಜೀವನಪರ್ಯಂತದ ಗ್ಯಾರಂಟಿಯೂ ಕಂಪನಿಯೊಂದಿಗೇ ಹೋಯಿತು. ನನ್ನ ತಕರಾರು ಅದಕ್ಕಿಂತ ಸರಳ. ಅಚ್ಚು ಹಲ್ಲಿನ ಹೊರಗಿನ ಆಕಾರವನ್ನಷ್ಟೇ ಹೇಳುತ್ತದೆ. ನನ್ನ ದವಡೆಹಲ್ಲಿನ ಬಳಿಯ ಉರಿಯೂತವನ್ನು ಯಾವ ಅಚ್ಚೂ ಹೇಳುತ್ತಿರಲಿಲ್ಲ, ಆರನೆಯ ಟ್ರೇಯ ತೆರಪನ್ನು ನೋಡಿ ತಡೆಯುವವರೂ ಇರುತ್ತಿರಲಿಲ್ಲ.

ರಿಟೇನರ್ ಎಂಬ ಅಧ್ಯಾಯವನ್ನು ಆರಂಭದಲ್ಲಿ ಯಾರೂ ಒತ್ತಿ ಹೇಳುವುದಿಲ್ಲವೆಂಬುದು ನನ್ನ ದೂರು. ಹಲ್ಲು ಸರಿದರೂ ಅದರ ಸುತ್ತ ವಸಡಿನಲ್ಲಿರುವ ಹಿಗ್ಗುವ ನಾರುಗಳು ಹೊಸ ಜಾಗಕ್ಕೆ ಹೊಂದಿಕೊಳ್ಳಲು ಸುಮಾರು ಒಂದು ವರ್ಷ ತೆಗೆದುಕೊಳ್ಳುತ್ತವೆ, ಅಲ್ಲಿಯವರೆಗೆ ಹಿಂದಕ್ಕೆಳೆಯುತ್ತಲೇ ಇರುತ್ತವೆ. ಆಮೇಲೂ ವಯಸ್ಸಿನೊಡನೆ ಕೆಳಗಿನ ಬಾಚಿಹಲ್ಲುಗಳು ಒತ್ತರಿಸುವುದು ನಿಲ್ಲುವುದಿಲ್ಲ. ಕೆಳಗಿನ ಸಾಲಿನ ಹಿಂಬದಿಗೆ ತೆಳುವಾದ ತಂತಿಯನ್ನು ಅಂಟಿಸಿದ್ದಾರೆ, ಅದು ನನ್ನ ನೆನಪಿನ ಶಕ್ತಿಯನ್ನು ಅವಲಂಬಿಸಿಲ್ಲ. ಮೇಲಿನ ಸಾಲಿಗೆ ತೆಗೆದು ಹಾಕುವ ರಿಟೇನರ್. ಕಳೆದ ತಿಂಗಳು ಪ್ರಯಾಣಕ್ಕೆ ಹೊರಟಾಗ ಅದರ ಡಬ್ಬಿಯನ್ನು ಮನೆಯಲ್ಲಿಯೇ ಮರೆತು ನಾಲ್ಕು ರಾತ್ರಿ ಹಾಗೆಯೇ ಮಲಗಿದೆ. ಐದನೆಯ ರಾತ್ರಿ ಹಾಕಿಕೊಂಡಾಗ ಎಲ್ಲ ಹಲ್ಲುಗಳೂ ಸಲೀಸಾಗಿ ಒಳಗೆ ಕುಳಿತವು, ಎಡಬದಿಯ ಆ ಎರಡನೆಯ ಬಾಚಿಹಲ್ಲೊಂದನ್ನು ಬಿಟ್ಟು. ಅದು ಬೆಳಗಿನವರೆಗೂ ನೋಯುತ್ತಲೇ ಇತ್ತು.