ಔಲಿ, ಸೋಲಂಗ್, ಗುಲ್ಮಾರ್ಗ್: ಬೆಳಗಾವಿಯಿಂದ ಹೋಗುವವರಿಗೆ ಹಿಮ ಸಿಗುವುದೆಲ್ಲಿ?

ಬೆಳಗಾವಿಯಿಂದ ಸ್ಕೀಯಿಂಗ್ ಕಲಿಯಲು ಹೊರಡುವವರು ಕಾಶ್ಮೀರದ ಗುಲ್ಮಾರ್ಗ್‌ಗೇ ಹೋಗಿ. ಅದೂ ಫೆಬ್ರುವರಿ ಅರ್ಧ ಕಳೆದ ಮೇಲೆ. ಉತ್ತರಾಖಂಡದ ಔಲಿ, ಹಿಮಾಚಲದ ಸೋಲಂಗ್ ಎರಡರಲ್ಲೂ ಸ್ಕೀ ಕಟ್ಟಿಕೊಂಡು ನೋಡಿದ್ದೇನೆ. ಎರಡೂ ಚಂದದ ಜಾಗಗಳೇ. ಆದರೆ ಹಿಮದ ಭರವಸೆಯಲ್ಲಿ ಅವು ಗುಲ್ಮಾರ್ಗ್‌ಗೆ ಸಾಟಿಯಲ್ಲ. ಹೋಟೆಲ್, ಊಟ, ನೋಟ ಎಲ್ಲ ಆಮೇಲಿನ ಮಾತು. ಹಿಮವೇ ಇಲ್ಲದಿದ್ದರೆ ಅಷ್ಟು ದೂರ ಹೋಗಿ ಏನು ಮಾಡುವುದು?

ದೆಹಲಿಯವರಿಗೆ ಈ ಚಿಂತೆ ಕಡಿಮೆ. ಹಿಮ ಬಿತ್ತೆಂದು ಸುದ್ದಿ ಬಂದ ರಾತ್ರಿಯೇ ಬಸ್ ಹತ್ತಬಹುದು. ನಮ್ಮದು ಹಾಗಲ್ಲ. ಗೋವಾ ಎಕ್ಸ್‌ಪ್ರೆಸ್ ಹಿಡಿದು ದೆಹಲಿಯ ನಿಜಾಮುದ್ದೀನ್‌ಗೆ ಹೋಗಬೇಕೆಂದರೆ 60 ದಿನ ಮೊದಲು ಬುಕಿಂಗ್ ಶುರುವಾದಾಗಲೇ ಸೀಟು ಹಿಡಿಯಬೇಕು. ವಿಮಾನದಲ್ಲಿ ಹೋಗುತ್ತೇನೆಂದರೂ ತಡ ಮಾಡಿದಷ್ಟು ದರ ಜಾಸ್ತಿ. ನಾನು ಬ್ಯಾಂಕಿನಲ್ಲಿ ಕೆಲಸ ಮಾಡುವವಳು, ಮಾರ್ಚ್‌ನಲ್ಲಿ ರಜೆ ಕೇಳುವ ಹಾಗೇ ಇಲ್ಲ. ಇತ್ತ ಹವಾಮಾನದ ಮುನ್ಸೂಚನೆ ನಂಬುವಂತಿರುವುದು ನಾಲ್ಕೈದು ದಿನಕ್ಕೆ ಮಾತ್ರ. ಅಂದರೆ ಹಿಮ ಬೀಳುತ್ತದೋ ಇಲ್ಲವೋ ತಿಳಿಯುವ ಎಷ್ಟೋ ಮೊದಲೇ ನಮ್ಮ ದುಡ್ಡು ಕೈಬಿಟ್ಟಿರುತ್ತದೆ.

ಔಲಿಯಲ್ಲಿ ಆಗಿದ್ದು ಇದೇ. ನಾನೂ ತಮ್ಮನೂ ಜನವರಿ ನಡುವಿನ ಸ್ಕೀ ತರಬೇತಿ ಬ್ಯಾಚಿಗೆ ಒಬ್ಬ ಏಜೆಂಟ್ ಮೂಲಕ ಪೂರ್ತಿ ಹಣ ಕಟ್ಟಿದ್ದೆವು. ಹೊರಡುವ ಮುಂಚೆ ಫೋನ್ ಮಾಡಿದೆ. "ಹಿಮ ಇದೆ ಮೇಡಂ, ಬನ್ನಿ" ಎಂದರು. ಬೆಳ್ಳಗಿನ ಇಳಿಜಾರಿನ ಫೋಟೊ ಕೂಡ ಕಳಿಸಿದರು. ಋಷಿಕೇಶದಿಂದ ಜೋಶಿಮಠಕ್ಕೆ ಸುಮಾರು 250 ಕಿಲೋಮೀಟರ್ ಗುಡ್ಡದ ರಸ್ತೆ. ಜೋಶಿಮಠದ ನೆಲ ಕುಸಿದ ಮೇಲೆ, 2023ರ ಜನವರಿಯಲ್ಲಿ, ಅಲ್ಲಿಂದ ಔಲಿಗೆ ಹೋಗುವ ರೋಪ್‌ವೇ ನಿಂತುಬಿಟ್ಟಿತ್ತು. ಹಾಗಾಗಿ ಮತ್ತೆ ಜೀಪು. ಇಷ್ಟೆಲ್ಲ ಆಗಿ ಮೇಲೆ ಹೋದರೆ ಇಳಿಜಾರಿನ ತುಂಬ ಒಣಹುಲ್ಲು! ಮರಗಳ ನೆರಳಲ್ಲಿ ಮಾತ್ರ ಹಿಮದ ಒಂದು ಪಟ್ಟಿ. ಆ ಫೋಟೊ ಹಿಂದಿನ ವರ್ಷದ್ದೆಂದು ಅಲ್ಲಿನ ಚಹಾದಂಗಡಿಯವರು ನೋಡಿದ ತಕ್ಷಣ ಹೇಳಿದರು.

ಏಜೆಂಟ್‌ಗೆ ಕೇಳಿದರೆ "ಸ್ವಲ್ಪ ಹಿಮ ಇದೆಯಲ್ಲ" ಎಂಬ ಉತ್ತರ. ಇತ್ತು, ನಿಜ. ಆದರೆ ಎಂಥದ್ದು? ಹಗಲು ಬಿಸಿಲಿಗೆ ಕರಗಿ ರಾತ್ರಿ ಹೆಪ್ಪುಗಟ್ಟಿದ ಹಿಮ. ಬೆಳಿಗ್ಗೆ ಸ್ಕೀಯ ಅಂಚು ಕಚ್ಚದಷ್ಟು ಗಟ್ಟಿ, ಕಾಲು ಜಾರಿದರೆ ಸೊಂಟ ನೋವು ಗ್ಯಾರಂಟಿ. ಮಧ್ಯಾಹ್ನ ಅದೇ ಹಿಮ ಜಾತ್ರೆಯ ಐಸ್ ಗೋಲಾದಂತೆ ನೀರು ನೀರು. ಕಲಿಯಲು ಸಿಗುತ್ತಿದ್ದುದು ಇವೆರಡರ ನಡುವಿನ ಒಂದೆರಡು ತಾಸು. ಅಷ್ಟರಲ್ಲೇ ಇಡೀ ಬ್ಯಾಚ್ ಆ ಒಂದು ಪಟ್ಟಿಯ ಮೇಲೆ ಸಾಲು ನಿಲ್ಲಬೇಕು. ಹಣ ವಾಪಸ್ ಕೇಳಿದೆವು. ಹಿಮ ಬೀಳುವುದು ಪ್ರಕೃತಿಯ ಕೈಯಲ್ಲಿದೆ, ಹಾಗಾಗಿ ವಾಪಸ್ ಇಲ್ಲ ಎಂದು ರಸೀದಿಯ ಹಿಂದೆ ಬರೆದಿದ್ದನ್ನು ತೋರಿಸಿದರು. ಬೇಕಾದರೆ ಮುಂದಿನ ಬ್ಯಾಚಿಗೆ ಬನ್ನಿ ಎಂದರು. ವಾಪಸ್ ಟಿಕೆಟ್ ಆಗಿದೆ, ರಜೆ ಮುಗಿಯುತ್ತಿದೆ, ಮತ್ತೆ ಬರುವುದು ಹೇಗೆ? ಇದು ಇಂದಿಗೂ ನನಗೆ ಸಿಟ್ಟು ತರಿಸುವ ವಿಷಯ.

ಔಲಿಯಲ್ಲಿ ಹಿಮ ಮಾಡುವ ಯಂತ್ರಗಳಿವೆಯಲ್ಲ ಎಂದು ಬಹಳ ಜನ ಕೇಳುತ್ತಾರೆ. 2011ರ ದಕ್ಷಿಣ ಏಷ್ಯಾ ಚಳಿಗಾಲದ ಕ್ರೀಡಾಕೂಟಕ್ಕೆಂದು ತಂದ ಯಂತ್ರಗಳವು. ಅವು ನೀರನ್ನು ಸಣ್ಣ ಹನಿಯಾಗಿ ಗಾಳಿಗೆ ಚಿಮ್ಮಿಸುತ್ತವೆ. ಹನಿ ನೆಲ ಮುಟ್ಟುವುದರೊಳಗೆ ಹೆಪ್ಪುಗಟ್ಟಬೇಕು. ಅದಕ್ಕೆ ಒಣಹವೆ ಬೇಕು, ಸೊನ್ನೆಗಿಂತ ಕೆಳಗಿನ ಚಳಿಯೂ ಬೇಕು. ಚಳಿಗಾಲವೇ ಬೆಚ್ಚಗಿದ್ದರೆ ಯಂತ್ರವಿದ್ದೂ ಉಪಯೋಗವಿಲ್ಲ. 2023ರಲ್ಲಿ ಹಿಮ ಸಾಲದೆ ಔಲಿಯ ರಾಷ್ಟ್ರೀಯ ಸ್ಪರ್ಧೆಗಳೇ ರದ್ದಾದವು.

ಸೋಲಂಗ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮನಾಲಿಗೆ ಹತ್ತಿರ, ಜನ ಜಾಸ್ತಿ. ಬಿದ್ದ ಹಿಮವನ್ನು ಕುದುರೆ, ಸ್ನೋ ಸ್ಕೂಟರ್, ಜಾರುವ ಟ್ಯೂಬ್ ಎಲ್ಲ ಸೇರಿ ಬೇಗ ತುಳಿದುಬಿಡುತ್ತವೆ. ಅಲ್ಲಿ ಹಿಮವಿಲ್ಲದಿದ್ದರೆ 2020ರಲ್ಲಿ ತೆರೆದ ಅಟಲ್ ಸುರಂಗ ದಾಟಿ ಸಿಸ್ಸುಗೆ ಹೋಗಬಹುದು. ಮಕ್ಕಳಿಗೆ ಹಿಮ ತೋರಿಸಲು ಅಷ್ಟು ಸಾಕು.

ಇನ್ನು ಗುಲ್ಮಾರ್ಗ್. ಚಳಿಗಾಲದಲ್ಲಿ ಹಿಮಾಲಯಕ್ಕೆ ಹಿಮ ತರುವುದು ಮೆಡಿಟರೇನಿಯನ್ ಕಡೆಯಿಂದ ಬರುವ ಪಶ್ಚಿಮದ ಮೋಡಗಳು. ಅವು ಮೊದಲು ಎದುರಾಗುವುದು ಕಾಶ್ಮೀರಕ್ಕೆ. ಪೂರ್ವಕ್ಕೆ ಸರಿದಷ್ಟು ಅವುಗಳ ಬಲ ತಗ್ಗುತ್ತದೆ, ಔಲಿಗೆ ಹಲವು ಸಲ ಉಳಿಕೆಯಷ್ಟೇ ಸಿಗುತ್ತದೆ. ಎರಡನೆಯ ಕಾರಣ ಎತ್ತರ. ಗುಲ್ಮಾರ್ಗ್ ಊರು ಸುಮಾರು 2,650 ಮೀಟರ್. ಅಲ್ಲಿನ ರೋಪ್‌ವೇ ಆದ ಗೊಂಡೋಲಾದ ಮೊದಲ ಹಂತ ಕೊಂಗ್ಡೂರಿಗೆ, ಅಂದರೆ ಸುಮಾರು 3,100 ಮೀಟರ್‌ಗೆ ಒಯ್ಯುತ್ತದೆ. ಎರಡನೆಯದು ಅಫರ್‌ವಾಟ್ ಬೆಟ್ಟದ ಮೇಲೆ 3,900 ಮೀಟರ್ ದಾಟುತ್ತದೆ. ಸಾವಿರ ಮೀಟರ್ ಏರಿದರೆ ಚಳಿ ಆರೇಳು ಡಿಗ್ರಿ ಹೆಚ್ಚುತ್ತದೆ. ಕೆಳಗೆ ಮಳೆಯಾಗಿ ಬೀಳುವುದು ಮೇಲೆ ಒಣ ಪುಡಿಹಿಮವಾಗಿ ಬೀಳುತ್ತದೆ, ಬೇಗ ಕರಗುವುದೂ ಇಲ್ಲ. ಔಲಿಯ ಇಳಿಜಾರು ಮುಗಿಯುವುದೇ 3,000 ಮೀಟರ್ ಆಸುಪಾಸಿನಲ್ಲಿ. ಅಲ್ಲಿ ಕೆಳಗೆ ಹಿಮವಿಲ್ಲದಿದ್ದರೆ ಓಡಿಹೋಗಲು ಇನ್ನೊಂದು ಎತ್ತರವಿಲ್ಲ.

ಗುಲ್ಮಾರ್ಗ್ ಎಂದೂ ಕೈಕೊಡುವುದಿಲ್ಲ ಅಂತಲ್ಲ. 2024ರ ಜನವರಿಯಲ್ಲಿ ಅಲ್ಲೂ ಬರೀ ಕಂದು ಹುಲ್ಲಿತ್ತು. 2025ರಲ್ಲಿ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟದ ಗುಲ್ಮಾರ್ಗ್ ಹಂತವನ್ನು ಹಿಮವಿಲ್ಲದೆ ಫೆಬ್ರುವರಿಯಿಂದ ಮಾರ್ಚ್‌ಗೆ ಮುಂದೂಡಿದರು. ಹಾಗಾಗಿಯೇ ದಿನಾಂಕದ ಬಗ್ಗೆ ನನ್ನ ಹಟ. ಈ ಬುದ್ಧಿ ಹೇಳಿದವರು ಬೆಳಗಾವಿಯ ಕ್ಯಾಂಪ್ ಕಡೆಯ ನಮ್ಮ ಪರಿಚಯದ ಕಾಕಾ. ಸೈನ್ಯದಲ್ಲಿದ್ದಾಗ ಕಾಶ್ಮೀರದಲ್ಲಿ ಚಳಿಗಾಲ ಕಳೆದವರು. "ಜನವರಿಯೊಳಗ ಹೋಗಬ್ಯಾಡವಾ. ಚಿಲ್ಲೈ ಕಲಾನ್ ಮುಗೀಲಿ, ಹಿಮ ಒಂದರ ಮ್ಯಾಲ ಒಂದು ಕೂಡಲಿ" ಎಂದರು. ಚಿಲ್ಲೈ ಕಲಾನ್ ಎಂದರೆ ಡಿಸೆಂಬರ್ 21ರಿಂದ ನಲವತ್ತು ದಿನದ ಕಡುಚಳಿ. ಅವರ ಮಾತಿನಂತೆ ಫೆಬ್ರುವರಿ ಮೂರನೇ ವಾರ ಹೋದೆವು. ಊರ ಬದಿಯ ಇಳಿಜಾರಲ್ಲಿ ಬಿಸಿಲಿಗೆ ಹಿಮ ಒದ್ದೆಯಾದ ದಿನ ಕೊಂಗ್ಡೂರಿಗೆ ಹೋಗಿ ಕಲಿತೆವು. ಒಂದು ದಿನವೂ ವ್ಯರ್ಥವಾಗಲಿಲ್ಲ.

ತೊಂದರೆಗಳೂ ಇವೆ. ಗೊಂಡೋಲಾ ಟಿಕೆಟ್ ಆನ್‌ಲೈನ್‌ನಲ್ಲಿ ಮೊದಲೇ ತೆಗೆಯಬೇಕು. ಗಾಳಿ ಜೋರಾದರೆ ಎರಡನೇ ಹಂತ ಮುಚ್ಚುತ್ತಾರೆ. ಬೆಟ್ಟದ ಕೆಳಗಿನ ತಂಗ್ಮಾರ್ಗ್‌ನಿಂದ ಮೇಲೆ ಟೈರಿಗೆ ಚೈನ್ ಕಟ್ಟಿದ ಗಾಡಿ ಬೇಕು, ಅದಕ್ಕೆ ಬೇರೆ ದುಡ್ಡು. ಬಟ್ಟೆಗೆ ಖರ್ಚು ಬೇಡ: ಆಂಬೋಲಿ ಮಳೆಗೆಂದು ಕೊಂಡ ರೇನ್‌ಪ್ಯಾಂಟನ್ನೇ ಥರ್ಮಲ್ ಮೇಲೆ ಹಾಕಿಕೊಂಡೆ, ಸಾಕಾಯಿತು.

ಅಫರ್‌ವಾಟ್‌ನ ಮೇಲಿನ ಇಳಿಜಾರಿಗೆ ಮಾತ್ರ ಹೊಸಬರು ಹೋಗಲೇಬಾರದು. ಅಲ್ಲಿ ಹಿಮಕುಸಿತ ನಿಜವಾದ ಅಪಾಯ. 2023 ಮತ್ತು 2024ರ ಫೆಬ್ರುವರಿಗಳಲ್ಲಿ ವಿದೇಶಿ ಸ್ಕೀಯರ್‌ಗಳು ಅಲ್ಲೇ ಸತ್ತಿದ್ದಾರೆ. ದಪ್ಪ ಹಿಮ ಬಿದ್ದ ಮರುದಿನವೇ ಅಪಾಯ ಹೆಚ್ಚು.

ಖರ್ಚಿನಲ್ಲಿ ಗುಲ್ಮಾರ್ಗ್ ಔಲಿಗಿಂತ ದುಬಾರಿಯೇ. ನಾನು ವರ್ಷವಿಡೀ ಸ್ವಲ್ಪ ಸ್ವಲ್ಪ ಉಳಿಸಿ ಹೋಗುವವಳು, ಸಿಗುವುದು ಒಂದೇ ರಜೆ. ಹಾಗಾಗಿ ಹೆಚ್ಚಿನ ದುಡ್ಡು ಹಿಮದ ಭರವಸೆಗೇ ಕೊಡುತ್ತೇನೆ, ಹೋಟೆಲ್ ಸಾದಾ ಇದ್ದರೂ ನಡೆಯುತ್ತದೆ. ರಜೆ ಬೇಕಾದಾಗ ಸಿಗುವವರು, ದೆಹಲಿಯಲ್ಲಿ ನೆಂಟರಿದ್ದು ಅಲ್ಲೇ ಕಾಯಬಲ್ಲವರು ಔಲಿ ನೋಡಬಹುದು. ಕಲಿಯುವವರಿಗೆ ಅಲ್ಲಿನ ಇಳಿಜಾರು ಒಳ್ಳೆಯದೇ.

ಎಲ್ಲಿಗೇ ಹೋದರೂ ಹಣ ಕಟ್ಟುವ ಮುಂಚೆ ಏಜೆಂಟ್ ಬದಲು ಅಲ್ಲಿನ ಲಾಡ್ಜಿನವರಿಗೆ ಫೋನ್ ಮಾಡಿ. ಕೆಳಗಿನ ಇಳಿಜಾರಲ್ಲಿ ಹಿಮ ಎಷ್ಟು ಅಡಿ, ಮೇಲೆ ಎಷ್ಟು, ಕೊನೆಯ ಸಲ ಬಿದ್ದಿದ್ದು ಯಾವತ್ತು, ರಾತ್ರಿ ಚಳಿ ಸೊನ್ನೆಗಿಂತ ಕೆಳಗಿಳಿಯುತ್ತಿದೆಯಾ ಎಂದು ಕೇಳಿ. ಫೋಟೊ ಬೇಡ, ವಿಡಿಯೊ ಕಾಲ್‌ನಲ್ಲಿ ತೋರಿಸಿ ಎನ್ನಿ. ಹಿಮವಿಲ್ಲದಿದ್ದರೆ ಹಣ ವಾಪಸ್ ಎಂದು ಬರೆದುಕೊಡದವರಿಗೆ ಪೂರ್ತಿ ಮುಂಗಡ ಕೊಡಬೇಡಿ.